ಗಳಗನಾಥದ ಕಡಲ ದಂಡೆಯಲ್ಲಿ ಮೀನಾಕ್ಷಿಯ ಒಂಟಿವಾಸ

೨೦೦೭ನೇ ಇಸವಿಯ ಫೆಬ್ರುವರಿಯಲ್ಲಿ ಹಾವೇರಿ ಜಿಲ್ಲೆಗೆ ಸಮುದ್ರ ಮಂಜೂರಾಯಿತು.

ಬೆಂಗಳೂರಿನ ಸುತ್ತೋಲೆ ಸ್ಪಷ್ಟವಾಗಿತ್ತು. 'ಕರಾವಳಿ ಜೌಗು ದಂಡೆಯಲ್ಲಿ ಒಬ್ಬಂಟಿ ವಿಶ್ರಾಂತಿ ಶಿಬಿರ' ಯೋಜನೆಯಡಿ, ದುಡಿದು ದಣಿದ ಒಬ್ಬ ಗೃಹಿಣಿಯನ್ನು ಎರಡು ದಿನ ಡೇರೆಯಲ್ಲಿ ಒಬ್ಬಳನ್ನೇ ಇರಿಸಿ, ದಣಿವು ಕಳೆಸಿ, ವರದಿ ಕಳಿಸತಕ್ಕದ್ದು. ನಮ್ಮಲ್ಲಿ ಕರಾವಳಿ ಇಲ್ಲ ಎಂದು ಬರೆದರೆ ಡೇರೆಗಳು ವಾಪಸ್ ಹೋಗುತ್ತಿದ್ದವು. ಆದ್ದರಿಂದ ಶಿಬಿರಾಧಿಕಾರಿ ವಿಜಯಮಹಾಂತೇಶ ಅವರು ಹಾಗೆ ಬರೆಯಲಿಲ್ಲ. ವರದಾ ನದಿ ಗಳಗನಾಥದಲ್ಲಿ ತುಂಗಭದ್ರೆಯನ್ನು ಸೇರುತ್ತದೆ, ತುಂಗಭದ್ರೆ ಕೃಷ್ಣೆಯನ್ನು, ಕೃಷ್ಣೆ ಕಡಲನ್ನು. ಆದಕಾರಣ ಗಳಗನಾಥದ ಕೆಸರು ಕಡಲಿನ ಈಚೆ ದಂಡೆಯೇ ಸರಿ, ನಡುವೆ ನೀರು ಸ್ವಲ್ಪ ಉದ್ದವಾಗಿದೆ ಅಷ್ಟೆ ಎಂದು ಟಿಪ್ಪಣಿ ಹಾಕಿದರು. ಮೂರು ಮೇಜುಗಳಲ್ಲಿ ಸಹಿ ಬಿತ್ತು. ಸಮುದ್ರವನ್ನು ಕೇಳುವ ಪದ್ಧತಿ ಇರಲಿಲ್ಲ.

ಚೀಟಿ ಎತ್ತಿದಾಗ ಬ್ಯಾಡಗಿಯ ಮೀನಾಕ್ಷಿಯ ಹೆಸರು ಬಂತು. ಅವಳು ಮೆಣಸಿನಕಾಯಿ ತೊಟ್ಟು ಮುರಿಯುವ ಕೆಲಸಕ್ಕೆ ಹೋಗುತ್ತಿದ್ದಳು. ಸಂಜೆಗೆ ಬೆರಳು ಕೆಂಡ; ಆ ಬೆರಳು ಎರಡು ವರ್ಷದ ಸ್ನೇಹಾಳ ಕಣ್ಣಿಗೆ ತಾಗೀತೆಂದು ಮಗಳನ್ನು ಮೊಣಕೈಯಲ್ಲೇ ಎತ್ತಿಕೊಳ್ಳುವುದನ್ನು ರೂಢಿ ಮಾಡಿಕೊಂಡಿದ್ದಳು. ಮಗಳು ಹುಟ್ಟಿದಂದಿನಿಂದ ಒಂದೇ ಸಮನೆ ಎರಡು ತಾಸು ಮಲಗಿದ್ದಿಲ್ಲ. ಎರಡು ದಿನ ಒಬ್ಬಳೇ ಎಂಬ ಮಾತು ಕಿವಿಗೆ ಬಿದ್ದಾಗ ಅವಳ ಕಣ್ಣ ಮುಂದೆ ಬಂದದ್ದು ಕಡಲಲ್ಲ, ನಿದ್ದೆ.

ಆದರೆ ಅವರ ಓಣಿಯಲ್ಲಿ ಹೆಂಗಸು ಒಬ್ಬಳೇ ಮನೆ ಬಿಡುವುದಕ್ಕೆ ಎರಡೇ ಕಾರಣಗಳಿದ್ದವು: ಒಂದು ಜಗಳ, ಇನ್ನೊಂದು ಬಾವಿ.

"ಒಬ್ಬಾಕಿನ ಕಳಿಸಿದ್ರ ಮಂದಿ ಏನಂದಾರು? ಹೊಡದು ಓಡಿಸ್ಯಾನ ಅಂತಾರ," ಅಂದ ಗಂಡ ಚನ್ನೇಶ.

"ಹೊಡೀಲಾರದ ಕಳಿಸೇನಿ ಅಂತ ಬಾಗಲಿಗೆ ಬೋರ್ಡ್ ಹಾಕ್ರಿ," ಅಂದಳು ಮೀನಾಕ್ಷಿ.

"ಉಡಿ ತುಂಬಲಾರದ ಹೊಸ್ತಿಲಾ ದಾಟಬಾರದು," ಅಂದಳು ಅತ್ತೆ ಗುಡ್ಡವ್ವ. ಉಡಿ ತುಂಬಲು ಓಣಿಯ ಹೆಂಗಸರೆಲ್ಲ ಬಂದರು. ಉಡಿ ತುಂಬಿದವರು ಅವಳನ್ನು ಅಲ್ಲಿ ಬಿಟ್ಟು ಬರದಿದ್ದರೆ ಹೇಗೆ?

ಇದಕ್ಕೆ ಇಲಾಖೆಯೇ ದಾರಿ ತೋರಿಸಿತು. ನಿಯಮ ಏಳು: ಫಲಾನುಭವಿ ಒಬ್ಬಂಟಿಯಾಗಿರುವುದನ್ನು ಕನಿಷ್ಠ ಇಪ್ಪತ್ತು ಜನ ಸ್ಥಳದಲ್ಲಿಯೇ ವಾಸವಿದ್ದು, ಕಣ್ಣಾರೆ ಕಂಡು ದೃಢೀಕರಿಸತಕ್ಕದ್ದು. ಓಣಿಗೆ ಓಣಿಯೇ ಬೀಗ ಹಾಕಿಕೊಂಡು ಎರಡು ಟೆಂಪೋದಲ್ಲಿ ಹೊರಟಿತು.

ಗಳಗನಾಥದ ಜೊಂಡಿನ ಪಕ್ಕ ಹನ್ನೊಂದು ಡೇರೆ ಎದ್ದಿದ್ದವು. ಹತ್ತು, ಒಂಟಿತನದ ತಪಾಸಣೆಗೆ ಬಂದ ಅಧಿಕಾರಿಗಳ ಕುಟುಂಬಗಳಿಗೆ. ಹನ್ನೊಂದನೆಯದು ಮೀನಾಕ್ಷಿಗೆ. ಮೈಕಿನಲ್ಲಿ ಪ್ರಕಟಣೆ ಆಯಿತು: "ಫಲಾನುಭವಿಯವರು ಈಗ ಒಂಟಿಯಾಗುತ್ತಿದ್ದಾರೆ. ದಯವಿಟ್ಟು ನೂಕಬೇಡಿ."

ನೆರೆಮನೆಯ ಸೈದಾಬಿ ಡೇರೆಯೊಳಗೆ ತಲೆ ಹಾಕಿದಳು. "ಒಂಟಿ ಆದ್ಯೇನವಾ?"

"ಇನ್ನೂ ಇಲ್ಲಕ್ಕಾ. ನೀ ಸರದ್ರ ಆಗತೇನಿ."

"ಸಾಕ್ಷಿ ಅದೇನಿ, ಹೆಂಗ ಸರೀಲಿ?"

ಒಂಟಿತನಕ್ಕೆ ಸಾಕ್ಷಿ ಬೇಕು, ಸಾಕ್ಷಿಗಳಿಗೆ ಹಸಿವಾಗುತ್ತದೆ. ಮಧ್ಯಾಹ್ನದ ಹೊತ್ತಿಗೆ ಮೀನಾಕ್ಷಿ ನಲವತ್ತು ಜನಕ್ಕೆ ರೊಟ್ಟಿ ಬಡಿದಿದ್ದಳು. ಉಂಡು ಎಲ್ಲರೂ ಅಡ್ಡಾದರು. ಎದ್ದಾಗ ಚಹಾಕ್ಕೆ ಬೆಲ್ಲ ಇರಲಿಲ್ಲ. ಗುತ್ತಲಕ್ಕೆ ಹೋಗಿ ತರಬೇಕು. ಆದರೆ ಸಾಕ್ಷಿಗಳು ಸ್ಥಳ ಬಿಡುವಂತಿಲ್ಲ, ಅಧಿಕಾರಿಗಳು ಕರ್ತವ್ಯದಲ್ಲಿದ್ದಾರೆ. ವಿಜಯಮಹಾಂತೇಶ ಅವರು ಕಡತ ನೋಡಿ ಹೇಳಿದರು: "ಇಲ್ಲಿ ಕೆಲಸ ಇಲ್ಲದವರು ಅಂದ್ರ ಫಲಾನುಭವಿ ಒಬ್ರ. ಅವರ ಹೋಗಲಿ."

ಸ್ನೇಹಾ ಅಜ್ಜಿಯ ತೊಡೆಯ ಮೇಲೆ ಮಲಗಿದ್ದಳು. ಮೀನಾಕ್ಷಿ ಗುತ್ತಲದಲ್ಲಿ ಬೆಲ್ಲ ಕೊಂಡಳು. ಎದುರಿಗೇ ಹಾವೇರಿ ಬಸ್ಸು ನಿಂತಿತ್ತು; ಕಿಟಕಿಯ ಪಕ್ಕದ ಸೀಟು ಖಾಲಿ ಇತ್ತು. "ಹತ್ತಾವ್ರು ಲಗೂ ಹತ್ರಿ," ಅಂದ ಕಂಡಕ್ಟರ್. ದೊಡ್ಡವರ ಮಾತು ಮೀರಿ ಅವಳಿಗೆ ಅಭ್ಯಾಸವಿರಲಿಲ್ಲ. ಹತ್ತಿದಳು.

ಹಾವೇರಿಯಲ್ಲಿ ಬಸ್ಸು ಬದಲಿಸಿ ಬಂದರೆ, ಬ್ಯಾಡಗಿಯ ಓಣಿಯಲ್ಲಿ ಬಾಗಿಲು ಬಾಗಿಲಿಗೆ ಬೀಗ. ನಾಯಿ ಕೂಡ ಟೆಂಪೋ ಹತ್ತಿ ಹೋಗಿತ್ತು. ಸೆರಗಿನ ಗಂಟಿನಿಂದ ಕೀಲಿ ತೆಗೆದು, ಮನೆ ಹೊಕ್ಕು, ಚಾಪೆ ಹಾಸಿ, ಮೀನಾಕ್ಷಿ ಮಲಗಿದಳು. ಎದ್ದು ಒಂದು ಚೂರು ಬೆಲ್ಲ ತಿಂದು ನೀರು ಕುಡಿದು ಮತ್ತೆ ಮಲಗಿದಳು. ಮಗಳು ನೆನಪಾದಳು. ನೆನೆಯುತ್ತಿದ್ದ ಹಾಗೆಯೇ ನಿದ್ದೆ ಹತ್ತಿತು. ಒಂದು ರಾತ್ರಿ, ಒಂದು ಹಗಲು ಅವಳ ಹೆಸರು ಹಿಡಿದು ಯಾರೂ ಕೂಗಲಿಲ್ಲ.

ಮರುದಿನ ಸಂಜೆ ಟೆಂಪೋದ ಸದ್ದು ಕೇಳಿದಾಗ ಚಾಪೆ ಸುತ್ತಿಟ್ಟು ಬಾಗಿಲಿಗೆ ಬಂದಳು. ಚನ್ನೇಶ ಇಳಿದವನೇ ಕೇಳಿದ, "ಟೆಂಪೋದಾಗ ನೀ ಇರಲಿಲ್ಲ. ಹೆಂಗ ಬಂದಿ?"

ಅವಳು ಬಾಯಿ ತೆರೆಯುವ ಮೊದಲೇ, ಅವನ ಹಿಂದೆ ಇಳಿದ ವಿಜಯಮಹಾಂತೇಶ ಅವರು ಉತ್ತರಿಸಿದರು. "ಒಬ್ಬಂಟಿ ಫಲಾನುಭವಿ ಒಬ್ಬಂಟಿಯಾಗೇ ವಾಪಸ್ ಬರೋದು ಕ್ರಮ." ಆಮೇಲೆ ಕಟ್ಟೆಯ ಮೇಲೆ ನಿಂತು ವರದಿ ಓದಿದರು: "ಫಲಾನುಭವಿಯ ಒಂಟಿತನವು ಎಷ್ಟು ಪರಿಪೂರ್ಣವಾಗಿತ್ತೆಂದರೆ, ಖುದ್ದು ಸಾಕ್ಷಿಗಳಿಗೂ ಅವರು ಕಾಣಿಸಲಿಲ್ಲ." ನಲವತ್ತು ಜನ ಸಹಿ ಮಾಡಿದರು. ಬರೆಯಲು ಬಾರದವರು ಹೆಬ್ಬೆಟ್ಟು ಒತ್ತಿದರು.

"ನಿಮ್ಮತ್ತಿ ಡೇರೆ ಬಾಗಲಾ ಬಿಟ್ಟು ಅಲಗಾಡಲಿಲ್ಲ ನೋಡವಾ," ಅಂದಳು ಸೈದಾಬಿ. "ಒಮ್ಮಿ ಇಣಿಕಿ ನೋಡಿದ್ಲು, ಮಲಗ್ಯಾಳ, ಎಬ್ಬಸಬ್ಯಾಡ್ರಿ ಅಂತ ಎಲ್ಲಾರನೂ ಹಿಂದ ಕಳಿಸಿದ್ಲು. ನಾ ಬೆಲ್ಲ ಕೇಳಾಕ ಹೋದ್ರ ನನ್ನೂ ಗದರಿದ್ಲು."

ಒಳಗೆ ಗುಡ್ಡವ್ವ ಒಲೆ ಹೊತ್ತಿಸುತ್ತಿದ್ದಳು. ಮೀನಾಕ್ಷಿ ಮಗಳನ್ನು ಎದೆಗೆ ಅವುಚಿಕೊಂಡು ಬಾಗಿಲಲ್ಲಿ ನಿಂತಳು. "ಅತ್ತಿ, ಡೇರೆ ಖಾಲಿ ಇದ್ದದ್ದು ನಿಮಗ ಗೊತ್ತಿತ್ತೇನ್ರಿ?"

ಗುಡ್ಡವ್ವ ತಿರುಗಿ ನೋಡಲಿಲ್ಲ. "ಈ ಮನೀಗೆ ಬಂದು ನಲವತ್ತು ವರ್ಷಾತು. ಒಂದು ದಿನ ಒಬ್ಬಾಕಿನ ಇದ್ದಿಲ್ಲ. ಮುಂದಿನ ತಿಂಗಳ ಅರ್ಜಿ ನಂದು. ಎಲ್ಲಾರನೂ ಕರಕೊಂಡು ಹೋಗು. ಮೊದಲ ನಿನ್ನ ಗಂಡನ್ನ."

ವರದಿಗೆ ಬೆಂಗಳೂರಿನಿಂದ ಮೆಚ್ಚುಗೆ ಬಂತು, ಜೊತೆಗೆ ತಿದ್ದುಪಡಿಯೂ ಬಂತು: ಪರಿಪೂರ್ಣ ಒಂಟಿತನದ ಹಿತದೃಷ್ಟಿಯಿಂದ, ಇನ್ನು ಮುಂದೆ ಶಿಬಿರಕ್ಕೆ ಫಲಾನುಭವಿಯ ಹೊರತು ಉಳಿದವರೆಲ್ಲರ ಹಾಜರಿ ಕಡ್ಡಾಯ. ಓಣಿಯಿಂದ ಇಪ್ಪತ್ತಮೂರು ಅರ್ಜಿ ಹೋದವು. ಅವುಗಳ ಕೆಳಗೆ ಶಿಬಿರಾಧಿಕಾರಿಗಳ ಮನೆಯವರದೂ ಒಂದಿತ್ತು.

ಮಾರ್ಚಿನಲ್ಲಿ ಮತ್ತೆ ಗಳಗನಾಥದಲ್ಲಿ ಡೇರೆ ಎದ್ದವು. ಹನ್ನೊಂದನೆಯದರ ಬಾಗಿಲಲ್ಲಿ ಮೀನಾಕ್ಷಿ ಮಗಳನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು.

"ಸಾವಕಾಶ ಮಾತಾಡ್ರಿ," ಅಂದಳು ಬಂದವರಿಗೆಲ್ಲ. "ಅತ್ತಿ ಮಲಗ್ಯಾರ."

ವಿಜಯಮಹಾಂತೇಶ ಅವರು ಚಪ್ಪಲಿ ಕೈಯಲ್ಲಿ ಹಿಡಿದು, ಖಾಲಿ ಡೇರೆಯ ಮುಂದೆ ತುದಿಗಾಲಲ್ಲಿ ಹಾದುಹೋದರು.