ದೀಪ ಹಚ್ಚಿದ ಮೇಲೆ ಹೆಪ್ಪು ಕೇಳಬೇಡಿ

ನನಗೆ ಮಲಗಿದಾಗ ಕನಸು ಬೀಳುವುದಿಲ್ಲ. ಬೀಳುವುದೆಲ್ಲ ಬೆಳಿಗ್ಗೆ ಆರೂಕಾಲಿಗೆ, ಒಲೆಯ ಮುಂದೆ, ಹಾಲು ಕಾಯಲು ಇಟ್ಟಾಗ. ಹಾಲು ಇನ್ನೇನು ಪಾತ್ರೆಯ ಅಂಚಿಗೆ ಬರಬೇಕು, ಅಷ್ಟರಲ್ಲಿ ನಾನು ಎಲ್ಲಿಗೋ ಹೋಗಿಬಿಟ್ಟಿರುತ್ತೇನೆ. ತುಮಕೂರಿನ ಬಟವಾಡಿಯ ನಮ್ಮ ಬಾಡಿಗೆ ಮನೆಯಿಂದ ಸೀದ ಹಾಲಿನ ವಾಸನೆ ಬಂದರೆ ಅಕ್ಕಪಕ್ಕದವರು ಮೇಡಂ ಎದ್ದಿದ್ದಾರೆ ಎಂದು ತಿಳಿದುಕೊಳ್ಳುತ್ತಾರೆ. ನಮ್ಮ ಯಜಮಾನರು ಪೇಪರಿನಿಂದ ತಲೆ ಎತ್ತದೆ, "ಇವತ್ತು ಎಲ್ಲಿಗೆ ಹೋಗಿದ್ದೆ?" ಎಂದು ಕೇಳುತ್ತಾರೆ. ಮದುವೆಯಾಗಿ ಹತ್ತೊಂಬತ್ತು ವರ್ಷವಾಯಿತು, ಹಾಲು ಉಕ್ಕಿತಾ ಎಂದು ಕೇಳುವುದನ್ನು ಅವರು ಬಿಟ್ಟು ಬಹಳ ಕಾಲವಾಗಿದೆ. ಒಂದೊಂದು ದಿನ ಒಂದೊಂದು ಊರಿನ ಹೆಸರು ಹೇಳುತ್ತಿದ್ದ ನಾನು ಕಳೆದ ವರ್ಷವಿಡೀ ಒಂದೇ ಉತ್ತರ ಕೊಟ್ಟೆ. ನನ್ನದೇ ಒಂದು ಸೋಶಿಯಲ್ ಮೀಡಿಯಾ ಕಟ್ಟಲು ಹೋಗಿದ್ದೆ.

ನಗಬೇಡಿ. ಗುಬ್ಬಿಯ ಹೈಸ್ಕೂಲೊಂದರಲ್ಲಿ ಕನ್ನಡ ಹೇಳಿಕೊಡುವ, ಫೋನಿನಲ್ಲಿ ಅಕ್ಷರ ದೊಡ್ಡದು ಮಾಡಿಕೊಳ್ಳಲು ಎಂಟನೇ ಕ್ಲಾಸಿನವರ ಸಹಾಯ ಪಡೆಯುವ ಹೆಂಗಸಿಗೆ ಇದು ಅತಿಯಾಯಿತು ಎಂದು ನನಗೂ ಗೊತ್ತು. ಆದರೆ ನನಗೆ ಬೇರೆ ದಾರಿ ಇರಲಿಲ್ಲ. ದಿನಾ ತುಮಕೂರಿನಿಂದ ಗುಬ್ಬಿಗೆ ರೈಲಿನಲ್ಲಿ ಹೋಗಿಬರುವಾಗ ನಾನು ಫೋನಿನಲ್ಲೇ ಪುಟ್ಟ ಪುಟ್ಟ ಬರಹಗಳನ್ನು ಬರೆದು ಒಂದು ದೊಡ್ಡ ಕಂಪನಿಯ ಜಾಲತಾಣಕ್ಕೆ ಹಾಕುತ್ತಿದ್ದೆ. ಆರು ವರ್ಷ ಬರೆದೆ. ಒಂದಕ್ಕೂ ನಕಲು ಇಟ್ಟುಕೊಳ್ಳಲಿಲ್ಲ. ಅಷ್ಟು ದೊಡ್ಡ ಕಂಪನಿ, ನನ್ನ ನಾಲ್ಕು ಸಾಲು ಕಾಯ್ದಿಡಲಾರದೇ ಎಂಬ ನಂಬಿಕೆ. ಒಂದು ದಿನ ಎಳನೀರಿನ ಬಗ್ಗೆ ಬರೆದು, ನಮ್ಮ ಯಜಮಾನರು ನನ್ನ ತವರು ನಿಟ್ಟೂರಿನ ತೋಟದಲ್ಲಿ ಮಚ್ಚು ಹಿಡಿದು ನಿಂತಿರುವ ಫೋಟೊ ಹಾಕಿದೆ. ಗೋಡೆಯ ಹಲ್ಲಿಗೂ ದಾರಿ ಬಿಟ್ಟು ನಿಲ್ಲುವ ಮನುಷ್ಯ ಅವರು. ಆ ದಿನ ಐದು ಏಟು ಹಾಕಿದರೂ ಕಾಯಿ ತೂತಾಗಿರಲಿಲ್ಲ. ಕಂಪನಿಗೆ ಅದೆಲ್ಲ ಹೇಗೆ ಗೊತ್ತಾಗಬೇಕು? "ನಿಮ್ಮ ನಡವಳಿಕೆ ನಮ್ಮ ಸಮುದಾಯದ ನಿಯಮಗಳಿಗೆ ವಿರುದ್ಧವಾಗಿದೆ" ಎಂದು ಹೇಳಿ ನನ್ನ ಖಾತೆಗೆ ಬಾಗಿಲು ಹಾಕಿತು. ಮನವಿ ಕಳಿಸಿದರೆ ಅದೇ ವಾಕ್ಯ ವಾಪಸ್ಸು ಬಂತು. ಯಜಮಾನರು ಮಾತ್ರ ಒಂದು ವಾರ ಬೀದಿಯಲ್ಲಿ ಸ್ವಲ್ಪ ಎದೆಯುಬ್ಬಿಸಿ ನಡೆದರು.

ಹೋದರೆ ಹೋಗಲಿ ಎಂದುಕೊಳ್ಳಬಹುದಿತ್ತು, ಅದರಲ್ಲಿ ಅಮ್ಮನ ಬಗ್ಗೆ ಬರೆದ ಒಂದು ಬರಹ ಇರದಿದ್ದರೆ. ಅಮ್ಮ ತೀರಿಕೊಂಡ ತಿಂಗಳು ಬರೆದದ್ದು. ಮದುವೆಯಾದ ಹೊಸದರಲ್ಲಿ ನಿಟ್ಟೂರಿನಿಂದ ರೈಲು ಹತ್ತುವಾಗ ಅಮ್ಮ ಒಂದು ಪುಟ್ಟ ಸ್ಟೀಲ್ ಡಬ್ಬಿಯಲ್ಲಿ ಹೆಪ್ಪು ಹಾಕಿ, ಒದ್ದೆ ಬಟ್ಟೆ ಸುತ್ತಿ ಕೊಟ್ಟಿದ್ದಳು. ಹಾಲಿಗೆ ಕಿರುಬೆರಳು ಅದ್ದಿ ಬಿಸಿ ನೋಡು, ಬೇರೆ ಮನೆಯದು ಬೆರೆಸಬೇಡ, ದೀಪ ಹಚ್ಚಿದ ಮೇಲೆ ಯಾರಿಗೂ ಹೆಪ್ಪು ಕೊಡಬೇಡ, ಮನೆಯ ಲಕ್ಷ್ಮಿ ಹೊರಗೆ ಹೋಗುತ್ತಾಳೆ ಎಂದು ಕಿಟಕಿಯ ಕಂಬಿ ಹಿಡಿದು ಹೇಳಿದ್ದಳು. ಅದನ್ನೆಲ್ಲ ಬರೆದು ಕೊನೆಯಲ್ಲಿ, "ಅಮ್ಮ ಇಲ್ಲ. ಅವಳ ಹೆಪ್ಪು ನನ್ನ ಮನೆಯಲ್ಲಿ ಇವತ್ತಿಗೂ ಇದೆ" ಎಂದು ಮುಗಿಸಿದ್ದೆ. ಓದಿದವರೆಲ್ಲ ಅತ್ತಿದ್ದರು. ಅದು ಹೋಯಿತೆಂದು ತಿಳಿದ ದಿನ ನಾನು ಸ್ಟಾಫ್ ರೂಮಿನಲ್ಲಿ ಪುಸ್ತಕ ಅಡ್ಡ ಹಿಡಿದು ಅತ್ತೆ. ಮತ್ತೆ ಬರೆಯಲು ಕೂತರೆ ಸಾಲುಗಳು ಬರಲಿಲ್ಲ, ಬರೀ ಕಿಟಕಿಯ ಕಂಬಿ ಕಾಣುತ್ತಿತ್ತು.

ಆಗ ಸಮಾಧಾನ ಹೇಳಿದವನು ಕುಣಿಗಲ್ಲಿನ ಲೋಕೇಶ. ಫ್ಲೆಕ್ಸ್ ಅಂಗಡಿ ಇಟ್ಟುಕೊಂಡು ಬಿಡುವಿನಲ್ಲಿ ವ್ಯಂಗ್ಯಚಿತ್ರ ಬರೆಯುವವನು, ಆ ಜಾಲತಾಣದಲ್ಲೇ ಪರಿಚಯ. "ಅಕ್ಕಾ, ಈಗ ಬೇರೆ ಥರದ್ದು ಬಂದವೆ. ಒಬ್ಬ ಯಜಮಾನ ಅಂತ ಇರಲ್ಲ. ಅವರವರ ಮನೇಲಿ ಅವರವರ ಮಿಷನ್ನು, ಒಂದಕ್ಕೊಂದು ಮಾತಾಡ್ಕೊತವೆ. ಒಂದು ಕೆಟ್ರೂ ಇನ್ನೊಂದ್ರಲ್ಲಿ ಇರುತ್ತೆ" ಎಂದ. ನನಗೆ ಒಂದಕ್ಷರ ಅರ್ಥವಾಗಲಿಲ್ಲ. ಮರುದಿನ ಬೆಳಿಗ್ಗೆ ಒಲೆಯ ಮುಂದೆ ತಟ್ಟನೆ ಹೊಳೆಯಿತು. ಇದು ಹೆಪ್ಪು ಅಲ್ಲವೇ? ಮೊಸರಿಗೆ ಹೆಡ್ಡಾಫೀಸು ಎಲ್ಲಿದೆ? ಅವರವರ ಮನೆಯಲ್ಲಿ ಅವರವರ ಬಟ್ಟಲು. ನಿಮ್ಮದು ಕೆಟ್ಟರೆ ನೀವು ಕೊಟ್ಟ ಮನೆಯಿಂದ ನಿಮ್ಮದನ್ನೇ ತಂದುಕೊಳ್ಳುತ್ತೀರಿ. ಆ ದಿನ ಉಕ್ಕಿದ ಹಾಲು ಒಲೆಯಿಂದ ಕಟ್ಟೆಗೆ, ಕಟ್ಟೆಯಿಂದ ನೆಲಕ್ಕೆ ಹರಿದಿತ್ತು.

ಅಲ್ಲಿಂದ ಮುಂದೆ ನನ್ನ ಬೆಳಗುಗಳು ಬಹಳ ಚೆನ್ನಾಗಿದ್ದವು. ಹಾಡುವವರು, ಬರೆಯುವವರು, ರಂಗೋಲಿ ಹಾಕುವವರು ಎಲ್ಲರಿಗೂ ಒಂದೊಂದು ಪುಟ್ಟ ಮನೆ. ನಡುವೆ ಓಣಿ. ಯಾರೂ ಯಾರನ್ನೂ ನೂಕುವುದಿಲ್ಲ, ಒಳ್ಳೆಯದನ್ನು ಮಾಡಿದವರ ಮನೆಗೆ ಜನ ತಾವಾಗಿ ನಡೆದು ಬರುತ್ತಾರೆ, ಬಾಗಿಲಲ್ಲಿ ಚಪ್ಪಲಿ ಬಿಡುತ್ತಾರೆ. ಅದಕ್ಕೆ ಮೂರು ನಿಯಮ ಬರೆದೆ. ಹೃದಯದ ಗುರುತು ಒತ್ತಿ ಓಡಿಹೋಗುವಂತಿಲ್ಲ, ಓದಿದ, ಕೇಳಿದ ಮೇಲೆ ತಮಗೆ ಏನಾಯಿತು ಎಂದು ಬಂದು ಹೇಳಬೇಕು. ಯಾರದನ್ನಾದರೂ ತೆಗೆದುಕೊಂಡರೆ ಯಾರ ಮನೆಯದು ಎಂದು ಹೆಸರು ಹೇಳಬೇಕು. ಈ ಎರಡನೆಯದು ಹಾಗಲವಾಡಿಯ ತಾಯಮ್ಮನವರಿಗಾಗಿ. ಅರವತ್ತು ದಾಟಿದ ಆಕೆ ಸೋಬಾನೆ ಪದ ಹೇಳಿ, ಸೊಸೆ ವೀಡಿಯೊ ಮಾಡಿ ಹಾಕಿದರೆ, ಯಾರೋ ಅದಕ್ಕೆ ಡ್ರಮ್ಮು ಸೇರಿಸಿ ತಮ್ಮದೆಂದು ಹಾಕಿಕೊಂಡಿದ್ದರು. ಮೂರನೆಯದು ಅಮ್ಮನ ನೆನಪಿಗೆ. ದೀಪ ಹಚ್ಚಿದ ಮೇಲೆ ಯಾರೂ ಏನೂ ಹಾಕುವಂತಿಲ್ಲ. ಸಂಜೆ ಮನೆಮಂದಿ ಮುಖ ನೋಡಿಕೊಂಡು ಕೂರಲಿ ಎಂಬ ಘನವಾದ ಉದ್ದೇಶ. ಲೋಕೇಶ ತಲೆ ಕೆರೆದುಕೊಂಡ, ಆದರೂ ಅಕ್ಕ ಹೇಳಿದರು ಎಂದು ಒಪ್ಪಿದ.

ಹೆಸರು "ಹೆಪ್ಪು" ಎಂದೇ ಇಟ್ಟೆವು. ಮನೆಗೊಂದು ಮಿಷನ್ನು ಆಮೇಲೆ ನೋಡೋಣ, ಸದ್ಯಕ್ಕೆ ಅಂಗಡಿಯ ಹಳೇ ಕಂಪ್ಯೂಟರಿನಲ್ಲೇ ನಡೆಯಲಿ ಎಂದ ಲೋಕೇಶ. ಅಳಿಸುವ, ಹೊರಗೆ ಹಾಕುವ ಅಧಿಕಾರ ಯಾರಾದರೊಬ್ಬರ ಬಳಿ ಇರಬೇಕಲ್ಲ, ಹಿರಿಯರು ಅಂತ ನನ್ನ ಫೋನಿಗೆ ಕೊಟ್ಟ. ಬೇಡ ಅನ್ನುವಷ್ಟು ನಾನೇನೂ ದೊಡ್ಡವಳಲ್ಲ. ಯಜಮಾನನೇ ಇಲ್ಲದ ಊರಿಗೆ ಹೀಗೆ ನಾನು ಯಜಮಾನಿಯಾದೆ. ಹದಿನಾಲ್ಕು ಜನ ಸೇರಿದರು. ಎಲ್ಲರೂ ನಿಯಮ ಪಾಲಿಸಿದರು, ತಾಯಮ್ಮ ಒಬ್ಬರನ್ನು ಬಿಟ್ಟು. ಆಕೆಯ ಧ್ವನಿ ಸಂದೇಶ ಬರುತ್ತಿದ್ದುದೇ ಸಂಜೆ ಏಳೂವರೆಗೆ. ಎರಡು ಸಲ ಎಚ್ಚರಿಸಿದೆ. ಮೂರನೆಯ ಸಲ ಬಂದಾಗ ನಾನು ಚಪಾತಿ ಹಿಟ್ಟಿನ ಕೈಯಲ್ಲೇ, ಕೇಳಲೂ ಇಲ್ಲ, ಅಳಿಸಿದೆ. ಆಕೆಯನ್ನು ಹೊರಗೂ ಹಾಕಿದೆ. ಕಾರಣ ಬರೆಯಬೇಕಿತ್ತು. "ನಿಮ್ಮ ನಡವಳಿಕೆ ನಮ್ಮ ಸಮುದಾಯದ ನಿಯಮಗಳಿಗೆ ವಿರುದ್ಧವಾಗಿದೆ" ಎಂದು ಬರೆದೆ. ಒಳ್ಳೆಯ ಕನ್ನಡ ಎಂದು ಮನಸ್ಸಿಗೆ ಅನಿಸಿತು ಕೂಡ.

ಹತ್ತು ನಿಮಿಷಕ್ಕೆ ಲೋಕೇಶನ ಫೋನು. "ಅಕ್ಕಾ, ತಾಯಮ್ಮೋರು ಕಳಿಸಿದ್ದು ಕೇಳಿದ್ರಾ?"

"ಇಲ್ಲ. ಟೈಮ್ ನೋಡ್ದೆ, ತೆಗೆದೆ."

"ನಿಮ್ಮ ಅಮ್ಮನ ಹೆಪ್ಪಿನ ಬರಹ ಹೇಳ್ತಿದ್ರು ಅಕ್ಕಾ. ಪೂರ್ತಿ ಬಾಯಲ್ಲಿ. ನಾನು ರೈಲು ಹತ್ತೋವರೆಗೆ ಕೇಳಿದ್ದೆ, ಅಷ್ಟರಲ್ಲಿ ಹೊರಟೋಯ್ತು."

ಮಿಷನ್ನು ಒಂದೇ ಇದ್ದದ್ದರಿಂದ ಅದು ಬೇರೆಲ್ಲೂ ಉಳಿದಿರಲಿಲ್ಲ. ಶನಿವಾರ ಸ್ಕೂಲು ಬಿಟ್ಟ ಮೇಲೆ ಗುಬ್ಬಿಯಿಂದ ಹಾಗಲವಾಡಿ ಬಸ್ಸಿಗೆ ಕಾದೆ. ಅದು ಬಂದದ್ದು ಸಂಜೆಗೆ. ಇಳಿದು ಮನೆ ಹುಡುಕಿ ಹೋಗುವಷ್ಟರಲ್ಲಿ ತಾಯಮ್ಮ ದೇವರ ಮುಂದೆ ಬತ್ತಿ ಸರಿಮಾಡುತ್ತಿದ್ದರು. ತಪ್ಪಾಯಿತು ಎಂದೆ. ಆಕೆ ಕಾಫಿ ಕೊಟ್ಟು, "ಅಯ್ಯೋ ಬುಡವ್ವ, ಹಸ ಕರೆದು, ಅಡಿಗೆ ಮಾಡಿ ಕೂತ್ಕೊಳ್ಳೋದೇ ಏಳೂವರೆಗೆ. ನಿನ್ ರೂಲು ನಮ್ ಹಸಕ್ಕೆ ಗೊತ್ತಿಲ್ಲ" ಅಂದರು. ಆ ಬರಹವನ್ನು ಇನ್ನೊಮ್ಮೆ ಹೇಳುತ್ತೀರಾ ಎಂದು ಕೇಳಿದೆ.

"ದೀಪ ಹಚ್ಚಾಯ್ತಲ್ಲವ್ವ. ಈಗ ಹೇಳಂಗಿಲ್ಲ. ಉಂಡು ಮಲಗು, ಬೆಳಿಗ್ಗೆ ಕೇಳ್ಕೊಳ್ಳೀವಂತೆ."

ಸೊಸೆ ಸೆರಗು ಅಡ್ಡ ಹಿಡಿದು ನಕ್ಕಳು. ನಾನು ಯಜಮಾನರಿಗೆ ಫೋನು ಮಾಡಿ, ನನ್ನ ನಿಯಮದ ಪ್ರಕಾರ ಇವತ್ತು ಇಲ್ಲೇ ಇರಬೇಕಾಗಿದೆ ಎಂದೆ.

ಬೆಳಿಗ್ಗೆ ಮಜ್ಜಿಗೆ ಕಡೆಯುತ್ತಾ ತಾಯಮ್ಮ ಹೇಳಿದರು. ಸೊಸೆ ಮೂರು ಸಲ ಓದಿ ಹೇಳಿದ್ದನ್ನು ಹಾಗೆಯೇ ಇಟ್ಟುಕೊಂಡಿದ್ದರಂತೆ. ಹಾಗೆಯೇ ಏನೂ ಇರಲಿಲ್ಲ. ನಿಟ್ಟೂರು ರೈಲು ಹಾಗಲವಾಡಿ ಬಸ್ಸಾಗಿತ್ತು, ನಮ್ಮ ಸೀಮೆಹಸು ಎಮ್ಮೆಯಾಗಿತ್ತು, ಅಮ್ಮ ನನ್ನನ್ನು ಎರಡು ಕಡೆ ಬೈದಿದ್ದಳು. ನಾನು ಬರೆದಾಗ ಅಮ್ಮ ಬೈದಿರಲಿಲ್ಲ. ನಿಜವಾಗಿ ಬೈದಿದ್ದಳು. ತಿದ್ದಬೇಕೆಂದು ಕೈ ಕಡಿಯಿತು, ಮೇಡಂ ಅಲ್ಲವೇ, ಆದರೆ ಕಿರುಬೆರಳು ಅದ್ದುವ ಜಾಗ ಬಂದಾಗ ಸುಮ್ಮನೆ ಅತ್ತುಬಿಟ್ಟೆ. ಈ ಸಲ ಸೊಸೆ ಅದನ್ನು ಮೂರು ಫೋನಿಗೆ ಹಾಕಿಕೊಂಡಳು. ತಾಯಮ್ಮ ಕಡೆಗೋಲು ನಿಲ್ಲಿಸಿ, "ಆ ಹೆಪ್ಪು ನಿಮ್ಮನೇಲಿ ಇನ್ನೂ ಐತಂತಲ್ಲ, ಒಸಿ ತಂದಿದ್ರೆ ಆಗ್ತಿತ್ತು" ಎಂದರು.

ಈಗ ನಿಮಗೂ ಹೇಳಿಬಿಡುತ್ತೇನೆ. ಅದು ಇಲ್ಲ. ಬರಹ ಬರೆಯುವುದಕ್ಕೂ ಎರಡು ವರ್ಷ ಮುಂಚೆ ನಾವು ನಾಲ್ಕು ದಿನ ಟೂರು ಹೋದಾಗ ಕೆಟ್ಟುಹೋಯಿತು. ಅಂಗಡಿಯ ಪ್ಯಾಕೆಟ್ ಮೊಸರು ತಂದು ಹೆಪ್ಪು ಹಾಕಿದೆ. ಆಮೇಲೆ ಅಮ್ಮ ಬಂದು ಅದನ್ನೇ ಉಂಡು, "ನಮ್ಮನೆ ಹೆಪ್ಪೇ ಹೆಪ್ಪು" ಅಂದಳು. ನಾನು ತುಟಿ ಬಿಚ್ಚಲಿಲ್ಲ. ಅದನ್ನೆಲ್ಲ ಹೇಳಿದೆ. ತಾಯಮ್ಮ ನಗಲಿಲ್ಲ.

"ಯಾರ್ ಮನೆಗಾದ್ರೂ ಕೊಟ್ಟಿರ್ತೀಯಲ್ಲ, ಅಲ್ಲಿಂದ ಈಸ್ಕೋಬೇಕಿತ್ತು."

ಕೊಟ್ಟಿರಲಿಲ್ಲ. ನಾನು ಗುಬ್ಬಿಯಿಂದ ಮನೆ ಸೇರುತ್ತಿದ್ದುದೇ ದೀಪ ಹಚ್ಚುವ ಹೊತ್ತಿಗೆ. ಕೇಳಲು ಬಂದವರನ್ನೆಲ್ಲ ಅಮ್ಮನ ಮಾತು ಹೇಳಿ ವಾಪಸ್ಸು ಕಳಿಸಿದ್ದೆ. ಹದಿಮೂರು ವರ್ಷ ನಮ್ಮ ಮನೆಯ ಲಕ್ಷ್ಮಿಯನ್ನು ಭದ್ರವಾಗಿ ಒಳಗೇ ಇಟ್ಟುಕೊಂಡು, ಒಂದೇ ಟೂರಿನಲ್ಲಿ ಕಳೆದುಕೊಂಡಿದ್ದೆ. ತಾಯಮ್ಮ ಎದ್ದುಹೋಗಿ, ಒಂದು ಡಬ್ಬಿಗೆ ತಮ್ಮ ಹೆಪ್ಪು ಹಾಕಿ, ಒದ್ದೆ ಬಟ್ಟೆ ಸುತ್ತಿ ನನ್ನ ಕೈಗಿಟ್ಟರು.

ಬಸ್ಸಿನಲ್ಲೇ ಮೂರನೆಯ ನಿಯಮ ತೆಗೆದು ಹಾಕಿದೆ. ಅಳಿಸುವ ಅಧಿಕಾರವನ್ನು ಲೋಕೇಶನಿಗೆ ಹಿಂದಿರುಗಿಸಿದೆ. ಅವನು ಅದನ್ನು ಯಾರಿಗೆ ಕೊಡುವುದೆಂದು ತಿಳಿಯದೆ ಇನ್ನೂ ಇಟ್ಟುಕೊಂಡು ಕೂತಿದ್ದಾನೆ. ಮೊನ್ನೆ ಸಂಜೆ ಎದುರುಮನೆಯಾಕೆ ಬಟ್ಟಲು ಹಿಡಿದು, "ದೀಪ ಹಚ್ಚಿದ್ದೀರ, ಕೊಡಲ್ಲ ಅಂತ ಗೊತ್ತು, ಆದ್ರೂ ಕೇಳೋಣ ಅಂತ ಬಂದೆ" ಎಂದರು. ಕೊಟ್ಟೆ. ಅವರು ಮೂಸಿ ನೋಡಿ, "ನಿಮ್ಮ ಅಮ್ಮನ ಮನೇದಾ ಮೇಡಂ?" ಎಂದರು. ಹಾಗಲವಾಡಿ ತಾಯಮ್ಮನವರ ಹೆಸರು ನಾಲಿಗೆಯ ತುದಿಗೆ ಬಂದಿತ್ತು. "ಹೂಂ" ಎಂದುಬಿಟ್ಟೆ. ಎರಡನೆಯ ನಿಯಮ ಬರೆದವಳೂ ನಾನೇ.

ಉಳಿದದ್ದು ಮೊದಲನೆಯ ನಿಯಮ, ಅದನ್ನು ಎದುರುಮನೆಯಾಕೆ ಪಾಲಿಸಿದರು. ಅವರು "ಹೆಪ್ಪು" ಸೇರಿಲ್ಲ, ಅದರ ಹೆಸರೂ ಕೇಳಿಲ್ಲ. ಬೆಳಿಗ್ಗೆ ಆರೂಕಾಲಿಗೆ ಬಾಗಿಲು ಬಡಿದು, ಮೊಸರು ಹೇಗೆ ಗಟ್ಟಿಯಾಗಿ ಕೂತಿದೆ, ಅವರ ಅತ್ತೆ ಏನಂದರು, ಕೆಳಗಿನ ಮನೆಯವರಿಗೂ ಹೇಗೆ ಒಂದು ಚಮಚ ಕೊಟ್ಟರು ಎಂದು ನಿಂತು ಹೇಳಿದರು. ಹೇಳಬೇಕೆಂದು ಬಾಯಿ ತೆರೆದೆ, "ಇದು ತಾಯಮ್ಮ ಅನ್ನೋರ ಮನೇದು" ಎಂದೆ. ಅಷ್ಟರಲ್ಲಿ ಒಳಗೆ ಹಾಲು ಉಕ್ಕಿತು. ಯಜಮಾನರು ಪೇಪರಿನ ಹಿಂದಿನಿಂದ, "ಇವತ್ತು ಎಲ್ಲಿಗೆ ಹೋಗಿದ್ದೆ?" ಎಂದರು.

"ಎಲ್ಲೂ ಇಲ್ಲ ರೀ. ಬಾಗಿಲಲ್ಲೇ ಇದ್ದೆ" ಎಂದೆ.