‘ರೀ’ ಎಂದರೆ ಓಗೊಡುವ ಮೀನ್‌ಮಂತ್ರಿ

“ನೋಡ್ತಾ ಇರು ಜಲಜಾ! ಈ ಭೂಮಿ ಮೇಲೆ ಇಂಥದ್ದು ಇನ್ನೊಂದಿಲ್ಲ!” ಎಂದು ಕೆಂಪರಾಜು ದೊಡ್ಡ ಸೂಟ್‌ಕೇಸಿನ ಜಿಪ್ಪು ಎಳೆದ.

ಮದುವೆಯಾಗಿ ಇನ್ನೂ ವಾರವೂ ತುಂಬಿರಲಿಲ್ಲ. ಹನಿಮೂನಿಗೆಂದು ಕುಂದಾಪುರದ ಕಡೆಯ ಕಡಲತೀರದ ಒಂದು ಹೋಂಸ್ಟೇಗೆ ಬಂದಿದ್ದರು. ಅಷ್ಟು ಭಾರದ ಸೂಟ್‌ಕೇಸಿನಲ್ಲಿ ಗಂಡನ ಬಟ್ಟೆಬರೆ ಇದ್ದಾವು ಎಂದು ಜಲಜಾ ಚನ್ನಪಟ್ಟಣದಿಂದ ಇಲ್ಲಿಯವರೆಗೂ ನಂಬಿಕೊಂಡಿದ್ದಳು. ಹೊರಗೆ ಬಂದದ್ದು ಒಂದು ಯಂತ್ರ! ಕುಕ್ಕರ್ ಮುಚ್ಚಳದ ತಲೆ, ಮಿಕ್ಸಿ ಮೋಟಾರಿನ ಹೊಟ್ಟೆ, ಒಂದೇ ಒಂದು ಕಬ್ಬಿಣದ ಕೈ, ಮೂಗಿನ ಜಾಗದಲ್ಲಿ ಜೋತುಬಿದ್ದ ರಬ್ಬರ್ ಪೈಪು, ಕೆಳಗೆ ಮಗುವಿನ ತಳ್ಳುಗಾಡಿಯ ಚಕ್ರಗಳು. ಹೊಟ್ಟೆಯ ಮೇಲೆ ‘ಕೆಂಪರಾಜು ಮಿಕ್ಸಿ ರಿಪೇರಿ, ಬಸ್ ಸ್ಟ್ಯಾಂಡ್ ಎದುರು, ಚನ್ನಪಟ್ಟಣ’ ಎಂಬ ಸ್ಟಿಕ್ಕರು.

“ಇದರ ಹೆಸರು ಮೀನ್‌ಮಂತ್ರಿ! ಗಾಳಿ ನೋಡುತ್ತೆ, ಅಲೆ ನೋಡುತ್ತೆ, ಫೋನ್ ಮಾಡಿ ದೋಣಿ ಗೊತ್ತುಮಾಡುತ್ತೆ, ದೋಣಿ ನಡೆಸುತ್ತೆ, ಮೀನನ್ನೂ ಹಿಡಿಯುತ್ತೆ. ನಾವು ಸುಮ್ಮನೆ ಕೂತು ಮಾತಲ್ಲಿ ಹೇಳಿದ್ರೆ ಸಾಕು!”

ಜಲಜಾ ಎರಡು ಹೆಜ್ಜೆ ಹಿಂದೆ ಸರಿದಳು. ಹೆಸರೇನೋ ನೀರಿನಲ್ಲಿ ಹುಟ್ಟಿದವಳು ಎಂದೇ, ಆದರೆ ಕೆರೆಯ ಏರಿಯ ಮೇಲೆ ಬಸ್ಸು ಹೋದರೂ ಕಣ್ಣು ಮುಚ್ಚಿಕೊಳ್ಳುವ ಜೀವ ಅದು. ಕಡಲು ಎಂದರೆ ಅವಳಿಗೆ ಒದ್ದೆ ಮರಳು. ಚಪ್ಪಲಿ ಕೈಯಲ್ಲಿ ಹಿಡಿದು, ಗಂಡನ ಜೊತೆ ಮಾತಾಡುತ್ತಾ ಸಂಜೆಯವರೆಗೆ ನಡೆಯಬೇಕು, ಅಷ್ಟೇ. ಇದನ್ನು ನಾಳೆ ಬೆಳಗ್ಗೆ ದೋಣಿ ಹೊರಡುವುದರೊಳಗೆ ಅವನಿಗೆ ಹೇಳಬೇಕಿತ್ತು.

ಹೇಳುವುದಕ್ಕೆ ಮೊದಲು ಕರೆಯಬೇಕಲ್ಲ! ಮದುವೆಯಾದಾಗಿನಿಂದ ಅವಳು ಅವನನ್ನು ಏನೂ ಎಂದು ಕರೆದಿರಲಿಲ್ಲ. ಬಳೆ ಸದ್ದು ಮಾಡುತ್ತಿದ್ದಳು, ಕೆಮ್ಮುತ್ತಿದ್ದಳು, ಅಷ್ಟರಲ್ಲೇ ಕೆಲಸ ನಡೆದಿತ್ತು. ತವರಿನಲ್ಲಿ ಅಮ್ಮ ಒಂದು ‘ರೀ’ ಎಂದರೆ ಅಪ್ಪ ಓದುತ್ತಿದ್ದ ಪೇಪರು ತಾನಾಗಿ ಮಡಚಿಕೊಳ್ಳುತ್ತಿತ್ತು. ಹಾಲು ಉಕ್ಕಿದ್ದು, ಮಗುವಿಗೆ ಜ್ವರ ಬಂದದ್ದು, ಸುಮ್ಮನೆ ಬೇಜಾರಾದದ್ದು ಎಲ್ಲ ಆ ಒಂದಕ್ಷರದಲ್ಲಿ ಇರುತ್ತಿದ್ದವು. ಆ ಅಕ್ಷರ ತನ್ನ ಬಾಯಿಂದ ಮೊದಲ ಸಲ ಹೊರಡುವಾಗ ಹೇಗಿರಬೇಕೆಂದು ಅವಳು ಬಸ್ಸಿನುದ್ದಕ್ಕೂ ಯೋಚಿಸಿದ್ದಳು.

ಧೈರ್ಯ ತಂದುಕೊಂಡು, ಮೊದಲು ಸುಲಭದ್ದರಿಂದ ಶುರು ಮಾಡೋಣವೆಂದು, “ರೀ... ಟೀ ಆರ್ತಾ ಇದೆ, ಕುಡೀರಿ” ಎಂದಳು.

“ಹೂಂ, ಆಯ್ತು ಕಣೇ!” ಎಂದಿತು ಯಂತ್ರ!

ಗುರ್ರೆಂದು ಮೇಜಿನ ಬಳಿಗೆ ಬಂದು, ಮೂಗನ್ನು ಲೋಟಕ್ಕೆ ಇಳಿಬಿಟ್ಟು ಸೊರ್ರೆಂದು ಟೀ ಹೀರಿ, ಅಷ್ಟನ್ನೂ ಕೆಂಪರಾಜುವಿನ ಹೊಸ ಅಂಗಿಯ ಮೇಲೆ ಉಗುಳಿತು!

“ಭಲೇ!” ಎಂದು ಕೆಂಪರಾಜು ಕುಣಿದ. “ನೋಡ್ದ್ಯಾ? ನಿನ್ನ ಮಾತು ಕೇಳ್ತು!”

“ನಾನು ಕರೆದದ್ದು ಅದನ್ನಲ್ಲ. ಅದು ಯಾಕೆ ನಿಮ್ಮ ತಂದೆಯವರ ಹಾಗೆ ಮಾತಾಡುತ್ತೆ?”

“ಅದಕ್ಕೆ ಹೇಳಿದ್ದು ಕೇಳೋದನ್ನ ಕಲಿಸ್ಬೇಕಿತ್ತಲ್ಲ! ನಮ್ಮನೇಲಿ ಹೇಳೋದು ಅಂದ್ರೆ ಅಮ್ಮ, ಕೇಳೋದು ಅಂದ್ರೆ ಅಪ್ಪ. ಅಡುಗೆಮನೆ ಶೆಲ್ಫ್ ಮೇಲೆ ಇಟ್ಟುಬಿಟ್ಟಿದ್ದೆ. ತಾನಾಗೇ ಕಲೀತು!”

ಕಲಿತದ್ದು ನಿಜ. ‘ರೀ’ ಎಂಬುದು ತನ್ನ ಹೆಸರೆಂದೂ, ಅದರ ಹಿಂದೆ ಬರುವುದನ್ನೆಲ್ಲ ಎದುರು ಮಾತಿಲ್ಲದೆ ಮಾಡಬೇಕೆಂದೂ ಅದು ಚೆನ್ನಾಗಿ ಕಲಿತಿತ್ತು.

ಮಧ್ಯಾಹ್ನವೆಲ್ಲ ಕೆಂಪರಾಜು ಹಾಸಿಗೆಯ ಮೇಲೆ ಕಡಲಿನ ನಕ್ಷೆ ಹರಡಿಕೊಂಡು ಕುಳಿತ. ದೋಣಿ ಎಲ್ಲಿಂದ ಹೊರಡಬೇಕು, ಗಾಳಕ್ಕೆ ಸೀಗಡಿ ಸಿಕ್ಕಿಸಬೇಕೋ ಗೋಧಿ ಹಿಟ್ಟೋ, ಬುತ್ತಿಗೆ ಚಿತ್ರಾನ್ನವೋ ಪುಳಿಯೋಗರೆಯೋ! “ಸೂರಣ್ಣ ಅಂತ ಒಬ್ರ ಇಡೀ ದೋಣಿ ನಮಗೇ ಗೊತ್ತುಮಾಡಿದೆ ಮೀನ್‌ಮಂತ್ರಿ. ಬೇರೆ ಯಾರೂ ಇಲ್ಲ, ನಾವಿಬ್ರೇ!”

ಜಲಜಾ ನಕ್ಷೆಯ ಅಂಚಿನಲ್ಲಿ ಕುಳಿತು ಮತ್ತೊಮ್ಮೆ ಧೈರ್ಯ ಮಾಡಿದಳು. “ರೀ, ಸಮುದ್ರದ ಮಧ್ಯ ಇಬ್ರೇ ಅಂದ್ರೆ ನಂಗೆ ಹೆದರಿಕೆ. ಇನ್ನೂ ನಾಲ್ಕು ಜನ ಇದ್ದಿದ್ರೆ ಹೇಗೋ...”

“ಹೂಂ, ಆಯ್ತು ಕಣೇ!” ಎಂದಿತು ಮೂಲೆಯಿಂದ ಯಂತ್ರ. ಅದರ ಹೊಟ್ಟೆಯೊಳಗಿದ್ದ ಹಳೆಯ ಮೊಬೈಲು ಟಿಣ್ ಟಿಣ್ ಎಂದಿತು.

“ಏನೋ ಅಂದ್ಯಾ?” ಕೆಂಪರಾಜು ನಕ್ಷೆಯಿಂದ ತಲೆಯೆತ್ತದೆ ಕೇಳಿದ.

“ಏನಿಲ್ಲ, ಬಿಡಿ.”

ಬಿಡಿ ಎಂದದ್ದನ್ನು ಅವನು ನಿಜಕ್ಕೂ ಬಿಟ್ಟುಬಿಟ್ಟ. ಜಲಜಾ ಕಿಟಕಿಯಲ್ಲಿ ನಿಂತು ಅಲೆ ನೋಡಿದಳು. ಹೇಳಿದ್ದು ಡಬ್ಬಕ್ಕೆ ಕೇಳುತ್ತದೆ, ಗಂಡನಿಗೆ ಕೇಳುವುದಿಲ್ಲ. ಇಡೀ ಬದುಕು ಹೀಗೇ ಆಗಿಬಿಟ್ಟರೆ? ಅವಳಿಗೆ ಅಳು ಬರುವಂತಾಯಿತು. ಆದರೆ ಮುಂಗುರುಳು ಹಣೆಗೆ ಬಿದ್ದದ್ದೂ ತಿಳಿಯದೆ, ಶಾಲೆಯ ಮಗು ಚಿತ್ರ ಬರೆಯುವಾಗಿನಂತೆ ನಾಲಗೆ ಕಚ್ಚಿಕೊಂಡು ನಕ್ಷೆಗೆ ಗೆರೆ ಎಳೆಯುತ್ತಿದ್ದ ಅವನನ್ನು ನೋಡಿದರೆ ಸಿಟ್ಟೂ ಪೂರ್ತಿ ಬರಲೊಲ್ಲದು.

ಬೆಳಗ್ಗೆ ದೋಣಿ ಕಟ್ಟುವ ದಕ್ಕೆಗೆ ಹೋದರೆ ಅಲ್ಲಿ ಜಾತ್ರೆ! ಹೋಂಸ್ಟೇಯಲ್ಲಿ ಇಳಿದಿದ್ದ ಗಂಡಹೆಂಡಿರೆಲ್ಲ ಕೊಡೆ, ಫ್ಲಾಸ್ಕು, ಚಕ್ಕುಲಿ ಡಬ್ಬಿ ಹಿಡಿದು ಸಾಲಾಗಿ ನಿಂತಿದ್ದರು.

“ನೀವೇನಾ ಕೆಂಪರಾಜು? ನಿನ್ನೆ ಎಲ್ಲಾರ ಫೋನಿಗೂ ಮೆಸೇಜ್ ಹಾಕಿ ಕರದೀರಲ್ಲ, ಭಾಳ ದೊಡ್ಡ ಮನಸ್ಸು ನಿಮ್ದು!” ಎಂದು ದಾವಣಗೆರೆಯ ಲೀಲಕ್ಕ ಎಲ್ಲರಿಗಿಂತ ಮೊದಲು ದೋಣಿ ಹತ್ತಿ ಕುಳಿತರು. ಕೆಂಪರಾಜು ಯಂತ್ರದ ಕಡೆ ನೋಡಿದ. ಯಂತ್ರ ಕಡಲಿನ ಕಡೆ ನೋಡಿತು.

ದೋಣಿಯ ಯಜಮಾನ ಸೂರಣ್ಣ ಬೀಡಿ ಎಸೆದು ಹತ್ತಿರ ಬಂದ. “ಹ್ವಾಯ್, ಇದ್ ಎಂತ ಮರ್ರೆ? ಇಡ್ಲಿ ಬೇಯ್ಸುದಾ?”

“ದೋಣಿ ನಡೆಸೋದು! ನೀವು ಇವತ್ತು ಆರಾಮಾಗಿ ಕೂತ್ಕೊಳ್ಳಿ!”

“ಕೂಕಂತೆ. ಮುಳುಗ್ರೆ ಮಾತ್ರ ನನ್ ಹತ್ರ ಹೇಳ್ಬೇಡಿ ಕಾಣಿ” ಎಂದ ಸೂರಣ್ಣ, ಎಂಜಿನ್ನಿನ ಹಿಡಿಯನ್ನು ಯಂತ್ರದ ಕಬ್ಬಿಣದ ಕೈಗೆ ಒಪ್ಪಿಸಿದ.

ಲೈಫ್ ಜಾಕೆಟ್ಟಿನೊಳಗೆ ಜಲಜಾ ಮುದುರಿ ಕುಳಿತಳು. ದೋಣಿ ಹೊರಟಿತು. ದಡ ಸಣ್ಣದಾಗುವವರೆಗೆ ಎಲ್ಲ ಸರಿಯಾಗಿಯೇ ಇತ್ತು. ಆಮೇಲೆ ಲೀಲಕ್ಕ ತಮ್ಮ ಗಂಡನಿಗೆ, “ರೀ, ಅಲ್ಲಿ ಬಿಸ್ಲೈತಿ, ಈ ಕಡಿ ಬರ್ರಿ” ಎಂದರು.

“ಹೂಂ, ಆಯ್ತು ಕಣೇ!” ದೋಣಿ ಗರ್ರನೆ ಈ ಕಡೆ ತಿರುಗಿತು!

“ಅಯ್ಯೋ ರೀ, ಆ ಕಡೆ ಸರ್ಕೊಳ್ಳಿ, ಮೈಮೇಲೆ ಬೀಳ್ತೀರಲ್ಲ!” ಎಂದು ಕಿರುಚಿದರು ಇನ್ನೊಬ್ಬರು. ದೋಣಿ ಗರ್ರನೆ ಆ ಕಡೆ!

“ರೀ, ಹಿಂದೆ ಹೋಗಿ!” “ರೀ, ನನ್ನ ಹಿಡ್ಕೊಳ್ಳಿ!” “ರೀ, ಚಕ್ಕುಲಿ ಡಬ್ಬಿ!” ಹೆಂಡತಿಯರು ಕೂಗಿದಷ್ಟೂ ದೋಣಿ ಮಜ್ಜಿಗೆ ಕಡೆಯುವ ಕಡಗೋಲಿನಂತೆ ಸುತ್ತಿತು.

“ನಾ ಹುಟ್ಟಿದ್ದೇ ಕಡ್ಲ ಬದಿಯಂಗೆ,” ಎಂದ ಸೂರಣ್ಣ ಹಗ್ಗ ತಬ್ಬಿಕೊಂಡು. “ದೋಣಿ ಹೀಂಗ್ ತಿರ್ಗುದ್ ಕಂಡದ್ದೇ ಇಲ್ಲ ಮರ್ರೆ!”

“ರೀ, ಮೀನು ಹಿಡೀತೀನಿ ಅಂತ ಕರ್ಕೊಂಡು ಬಂದ್ರಲ್ಲ, ಎಲ್ಲಿ ಹಿಡೀರಿ ನೋಡೋಣ!” ಎಂದು ಯಾರೋ ತಮ್ಮ ಗಂಡನನ್ನು ಹಂಗಿಸಿದರು. ಅದೊಂದು ಮಾತು ಆಡಬಾರದಿತ್ತು. ಮೀನ್‌ಮಂತ್ರಿ ಮೂಗನ್ನು ನೀರಿಗಿಳಿಸಿ ಸೊರ್ರೆಂದು ಹೀರಿತು. ಟೀ ಉಗುಳಿದಂತೆಯೇ ಉಗುಳಿತು. ಬೂತಾಯಿ ಮೀನಿನ ಮಳೆ! ಕೊಡೆಯ ಮೇಲೆ ಮೀನು, ಫ್ಲಾಸ್ಕಿನಲ್ಲಿ ಮೀನು, ಲೀಲಕ್ಕನ ತುರುಬಿನಲ್ಲಿ ಹೂವಿನ ಜೊತೆಗೊಂದು ಮೀನು!

ದೋಣಿ ಒಂದು ಬದಿಗೆ ವಾಲಿತು. ನೀರು ಜಲಜಾಳ ಕಾಲು ಮುಟ್ಟಿತು. “ರೀ!” ಎಂದಳು.

“ಹೂಂ,” ಎಂದಿತು ಯಂತ್ರ.

ಕೆಂಪರಾಜು ಬೆನ್ನು ತಿರುಗಿಸಿ, ಸ್ಕ್ರೂಡ್ರೈವರ್ ಹಿಡಿದು ಯಂತ್ರದ ಹೊಟ್ಟೆಯೊಳಗೆ ಕೈ ಹಾಕಿದ್ದ. ಅಷ್ಟೊಂದು ‘ರೀ’ಗಳ ನಡುವೆ ಯಾವುದೂ ತನ್ನದಲ್ಲವೆಂದು ಅವನ ಕಿವಿಯೂ ತೀರ್ಮಾನಿಸಿಬಿಟ್ಟಿತ್ತು.

“ರೀ, ಇಲ್ಲಿ ನೋಡ್ರೀ!”

ಯಂತ್ರ ತಿರುಗಿ ನೋಡಿತು. ಗಂಡ ನೋಡಲಿಲ್ಲ. ಜಲಜಾಳ ಅಮ್ಮ, ಅಜ್ಜಿ ಯಾರೂ ಮಾಡದ ಕೆಲಸವನ್ನು ಅವಳು ಮಾಡಿದಳು.

“ಕೆಂಪರಾಜೂ!”

ದೋಣಿಯಲ್ಲಿ ಎಲ್ಲರೂ ತಟ್ಟನೆ ಸುಮ್ಮನಾದರು. ಕೂಗುವವರಿಲ್ಲದೆ ದೋಣಿಯೂ ನೆಟ್ಟಗಾಗಿ ನಿಂತಿತು. ಯಂತ್ರಕ್ಕೆ ಆ ಹೆಸರಿನ ಗುರುತಿರಲಿಲ್ಲ. ಸ್ಕ್ರೂಡ್ರೈವರ್ ಕೆಳಗೆ ಬಿತ್ತು. ಕೆಂಪರಾಜು ತಿರುಗಿದ. ಅಳುತ್ತಿದ್ದ ಹೆಂಡತಿಯನ್ನು ಎರಡು ದಿನದಲ್ಲಿ ಮೊದಲ ಸಲ ನೆಟ್ಟಗೆ ನೋಡಿದ.

“ನಂಗೆ ನೀರು ಅಂದ್ರೆ ಭಯ! ನಿನ್ನೆಯಿಂದ ಹೇಳ್ತಾನೇ ಇದ್ದೀನಿ. ನಿಮ್ಮ ಡಬ್ಬಕ್ಕೆ ಕೇಳಿಸ್ತು, ನಿಮಗೆ ಕೇಳಿಸ್ಲಿಲ್ಲ!”

ಅವನು ಮೀನುಗಳನ್ನು ತುಳಿಯದಂತೆ ಬಂದು ಅವಳ ಪಕ್ಕ ಕುಳಿತ. “ಮತ್ತೆ... ಹೆಣ್ಣು ನೋಡೋಕೆ ಬಂದಾಗ ನಿಂಗೇನಿಷ್ಟ ಅಂತ ಕೇಳಿದ್ದಕ್ಕೆ ‘ಮೀನು’ ಅಂದಿದ್ದೆ?”

“ನೋಡೋಕೆ ಇಷ್ಟ! ಸೋದರಮಾವನ ಅಂಗಡೀಲಿ ಗಾಜಿನ ತೊಟ್ಟಿ ಇತ್ತು. ಅದರಲ್ಲಿ ಕೆಂಪು ಮೀನು!”

“ಹಿಡಿಯೋಕೆ ಅಂತ ತಿಳ್ಕೊಂಡೆ ನಾನು. ಅವತ್ತಿಂದ ಇದನ್ನೇ ಮಾಡ್ತಾ ಕೂತಿದ್ದೆ,” ಎಂದು ಕೆಂಪರಾಜು ತಲೆ ತಗ್ಗಿಸಿದ.

ಜಲಜಾ ಕಣ್ಣೊರೆಸಿಕೊಂಡು ಅವನ ಒದ್ದೆ ಅಂಗಿ, ಕೈಗೆ ಮೆತ್ತಿದ ಗ್ರೀಸು ನೋಡಿದಳು. ಕಿವಿಯೇ ಇಲ್ಲದವನೇನಲ್ಲ ಇವನು. ತನ್ನ ಒಂದು ಮಾತನ್ನು ಕೇಳಿಸಿಕೊಂಡು, ಅದರ ಮೇಲೆ ಇಷ್ಟು ದೊಡ್ಡ ಯಂತ್ರವನ್ನೇ ಕಟ್ಟಿದ್ದಾನೆ. ಎರಡನೆಯ ಮಾತು ಕೇಳಲು ಮರೆತಿದ್ದಾನೆ, ಅಷ್ಟೇ. ಎರಡನೆಯದನ್ನು ತಾನೂ ಹೇಳಿರಲಿಲ್ಲವಲ್ಲ!

“ಈಗ ನೀನೇ ಹೇಳ್ಬೇಕು. ಇದು ನನ್ನ ಮಾತು ಕೇಳಲ್ಲ,” ಎಂದ ಅವನು, ಅವಳ ಕೈ ಹಿಡಿದುಕೊಂಡು.

ಗಂಡಸರೆಲ್ಲ ಸೇರಿ ಮೀನುಗಳನ್ನು ಬಾಚಿ ಬಾಚಿ ಕಡಲಿಗೆ ಬಿಟ್ಟ ಮೇಲೆ ಜಲಜಾ ಯಂತ್ರದ ಕಡೆ ತಿರುಗಿ, ಅಳುವ ಮಗುವಿಗೆ ಹೇಳುವಷ್ಟು ಮೆತ್ತಗೆ ಹೇಳಿದಳು: “ರೀ, ಸಾಕು. ಮನೆಗೆ ನಡೀರಿ.”

“ಹೂಂ, ಆಯ್ತು ಕಣೇ!”

ದೋಣಿ ಬಾಣದಂತೆ ದಡಕ್ಕೆ ನುಗ್ಗಿ ಮರಳಿನ ಮೇಲೆ ಹತ್ತಿ ನಿಂತಿತು. ಮೀನ್‌ಮಂತ್ರಿ ಮಾತ್ರ ನಿಲ್ಲಲಿಲ್ಲ! ಎಂಜಿನ್ನಿನ ಹಿಡಿ ಬಿಟ್ಟು, ಧೊಪ್ಪನೆ ಇಳಿದು, ಚಕ್ರ ಉರುಳಿಸುತ್ತಾ ಮರಳು ದಾಟಿ, ತೆಂಗಿನ ತೋಪು ದಾಟಿ, ದಕ್ಕೆಯಲ್ಲಿ ನಿಂತಿದ್ದ ಮೀನಿನ ಲಾರಿಗೆ ಇಟ್ಟಿದ್ದ ಹಲಗೆಯ ಮೇಲೇರಿ ಒಳಗೆ ಹೋಗಿ ಕುಳಿತಿತು. ಕೆಂಪರಾಜು ಏಳುವಷ್ಟರಲ್ಲಿ ಲಾರಿ ಹಾರನ್ ಹೊಡೆದು ಹೊರಟೇಬಿಟ್ಟಿತು.

“ಓಡಿ, ಹಿಡೀಬಹುದು!” ಎಂದಳು ಜಲಜಾ.

ಅವನು ಲಾರಿಯ ದೂಳನ್ನು ಒಂದು ಕ್ಷಣ ನೋಡಿದ. ಬಗ್ಗಿ ಅವಳ ಚಪ್ಪಲಿಗಳನ್ನು ಕೈಗೆತ್ತಿಕೊಂಡ. “ಬೇಡ. ನಿಂಗೆ ಇನ್ನೂ ಏನೇನಿಷ್ಟ, ಅದನ್ನ ಹೇಳು. ಪೂರ್ತಿ ಹೇಳು.”

ಒದ್ದೆ ಮರಳಿನ ಮೇಲೆ ಇಬ್ಬರೂ ನಡೆದರು. ಹೇಳುವುದು ಬಹಳ ಇತ್ತು. ಕಡಲು ಬಂದು ಕಾಲು ಮುಟ್ಟಿದಾಗೆಲ್ಲ ಜಲಜಾ “ರೀ!” ಎನ್ನುತ್ತಿದ್ದಳು. “ಏನೇ?” ಎನ್ನುತ್ತಿದ್ದವನು ಕೆಂಪರಾಜುವೇ.

ಮರುದಿನ ಜಲಜಾಳ ಅತ್ತೆಯ ಫೋನು ಬಂತು. “ಲೋ ಮಗಾ, ನಿನ್ನ ಡಬ್ಬ ಬಂದಿದೆ ಕಣೋ! ಮೈಯೆಲ್ಲಾ ಮೀನಿನ ವಾಸನೆ. ಲಾರಿಯವನು ಸ್ಟಿಕ್ಕರ್ ನೋಡಿ ಅಂಗಡಿ ಮುಂದೆ ಇಳಿಸಿ ಹೋದನಂತೆ. ಅದು ನೆಟ್ಟಗೆ ಮನೆಗೆ ಬಂದು ಅಡುಗೆಮನೆ ಬಾಗಿಲಲ್ಲಿ ನಿಂತಿದೆ. ನಾನು ‘ರೀ’ ಅಂದ್ರೆ ಸಾಕು, ಅದೂ ಏಳುತ್ತೆ, ಇಷ್ಟು ದಿನ ‘ಹೂಂ, ಆಯ್ತು’ ಅಂತ ಕೂತಲ್ಲೇ ಕೂತಿರ್ತಿದ್ದ ನಿಮ್ಮಪ್ಪನೂ ಪೇಪರ್ ಬಿಸಾಕಿ ಅದಕ್ಕಿಂತ ಮುಂಚೆ ಏಳ್ತಾರೆ!”

“ವಾಪಸ್ ಬಂದು ಬಿಚ್ಚಿ ಹಾಕ್ತೀನಿ ಬಿಡಮ್ಮ.”

“ಮುಟ್ಟೀಯಾ ಜೋಕೆ! ಇಷ್ಟು ವರ್ಷ ಎಷ್ಟೋ ಮಿಕ್ಸಿ ರಿಪೇರಿ ಮಾಡ್ದೆ,” ಎಂದರು ಅತ್ತೆ. “ನಮ್ಮನೇದು ಒಂದು ರಿಪೇರಿ ಆಗಿದ್ದು ಇದೇ ಮೊದಲು.”