ಕೌಸಲ್ಯಾಬಾಯಿಯ ರನ್ನಿಂಗ್ ಟೈಮ್

ಔರಾದ ಊರಿನಲ್ಲಿ ವಯಸ್ಸಾದವರು ಯಾರಾದರೂ ಓಡುತ್ತಿದ್ದರೆ ಅದಕ್ಕೆ ಎರಡೇ ಕಾರಣ: ಒಂದೋ ಬೀದರಿನ ಬಸ್ಸು ಹೊರಟಿದೆ, ಇಲ್ಲವೇ ಬಳಗದಲ್ಲಿ ಯಾರೋ ತೀರಿಕೊಂಡಿದ್ದಾರೆ. ಮೂರನೆಯದೂ ಒಂದು ಕಾರಣವಿರಬಹುದು ಎಂದು ಊರಿಗೆ ಒಪ್ಪಿಸಲು ಕೌಸಲ್ಯಾಬಾಯಿಯವರಿಗೆ ಎರಡು ವರ್ಷ ಹಿಡಿಯಿತು. ಮನೆಯವರಿಗೆ ಒಪ್ಪಿಸುವುದು ಇನ್ನೂ ಬಾಕಿ ಇತ್ತು.

ಊರಿನ ಹೈಸ್ಕೂಲೊಂದರಲ್ಲಿ ಗಣಿತ ಕಲಿಸಿ, ಅಲ್ಲಿಯೇ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾದವರು ಅವರು. ವಯಸ್ಸು ಅರವತ್ತೆರಡು. ನಸುಕಿನಲ್ಲಿ ಬೂಟು ಬಿಗಿದು, ಓಢಣಿಯನ್ನು ಸೊಂಟಕ್ಕೆ ಸುತ್ತಿ ಸಂತಪುರದ ರಸ್ತೆಗೆ ಇಳಿದರೆಂದರೆ ಎಮ್ಮೆಗಳು ತಾವಾಗಿಯೇ ಬದಿಗೆ ಸರಿಯುತ್ತಿದ್ದವು. ಹಿಂದಿನ ವರ್ಷ ಬೀದರಿನ ಹಾಫ್ ಮ್ಯಾರಥಾನಿನಲ್ಲಿ ಇಪ್ಪತ್ತೊಂದು ಕಿಲೋಮೀಟರನ್ನು ಎರಡು ತಾಸು ನಲವತ್ಮೂರು ನಿಮಿಷಕ್ಕೆ ಮುಗಿಸಿದ್ದರು. ಊರೆಲ್ಲ ಹೊಗಳಿತು. ಅವರಿಗೆ ಮಾತ್ರ ಆ ನಲವತ್ಮೂರು ಸೇರಲಿಲ್ಲ. ನೂರಕ್ಕೆ ನಲವತ್ಮೂರು ತೆಗೆದವನನ್ನು ತಮ್ಮ ಸರ್ವೀಸಿನಲ್ಲಿ ಅವರು ಎಂದೂ ಜಾಣ ಎಂದವರಲ್ಲ.

ಇತ್ತ ಮಗ ಅಶ್ವಜಿತನಿಗೆ ಈ ಓಟವೇ ಸಾಕೋ ಸಾಕಾಗಿತ್ತು. ಅವನು ಬ್ಯಾಂಕಿನಲ್ಲಿ ನೌಕರ.

"ಆಯಿ, ಇವತ್ತೂ ಮೂರು ಮಂದಿ ಕೇಳಿದ್ರು. ‘ನಿಮ್ಮ ಆಯಿ ಮುಂಜಾನಿ ಓಡ್ಲತ್ತಿದ್ರು, ಮನ್ಯಾಗ ಎಲ್ಲಾರೂ ಆರಾಮ ಅದೀರಿಲ್ಲೊ?’ ಅಂತ. ನಾ ಏನಂತ ಹೇಳ್ಲಿ?"

"ಆರಾಮ ಅದೇವಿ ಅಂತ ಹೇಳು. ಅದರಾಗ ಕಷ್ಟ ಏನದ?"

"ಮಣಕಾಲ ಹೋದ್ರ ಏನ ಮಾಡ್ತಿ?"

"ಇನ್ನೊಂದು ಅದ ಅಲ್ಲೇನು?"

ಸೊಸೆ ಪ್ರಣಾಲಿ ಆಸ್ಪತ್ರೆಯಲ್ಲಿ ನರ್ಸು. ಹಟಮಾರಿ ರೋಗಿಗಳ ಜತೆ ಮಾತಾಡಿ ಪಳಗಿದವಳು. "ಅತ್ತಿ, ನಿಮಗ ಮನ್ಯಾಗ ಕೂಡ್ರಿ ಅನ್ನಂಗಿಲ್ರಿ ನಾವು. ಓಡಬ್ಯಾಡ್ರಿ, ನಡೀರಿ ಅಂತೇವಿ, ಅಷ್ಟೇ."

"ನಡ್ಯೋರಿಗೆ ಯಾರಾದ್ರೂ ಟೈಮ ಹಿಡೀತಾರೇನು?" ಎಂದರು ಕೌಸಲ್ಯಾಬಾಯಿ.

ಜಗಳ ನಾಲ್ಕು ದಿನ ನಡೆಯಿತು. ಐದನೆಯ ದಿನ ಅವರೇ ಒಂದು ಬಿಳಿ ಹಾಳೆಯ ಮೇಲೆ ಮುತ್ತಿನಂಥ ಅಕ್ಷರದಲ್ಲಿ ಕರಾರುಪತ್ರ ಬರೆದು ಅಡುಗೆಮನೆಯ ಕಪಾಟಿಗೆ ಅಂಟಿಸಿದರು: ‘ಈ ಸಲದ ಬೀದರ್ ಓಟದಲ್ಲಿ ಕೌಸಲ್ಯಾಬಾಯಿಯು ಹಿಂದಿನ ವರ್ಷಕ್ಕಿಂತ ಒಂದು ಸೆಕೆಂಡಾದರೂ ಮೊದಲು ಮುಗಿಸಿದರೆ ಮನೆಯಲ್ಲಿ ಯಾರೂ ಆಕೆಯ ಓಟದ ಬಗ್ಗೆ ಚಕಾರ ಎತ್ತತಕ್ಕದ್ದಲ್ಲ. ಮುಗಿಸದಿದ್ದರೆ ಕೌಸಲ್ಯಾಬಾಯಿಯು ಓಡುವುದನ್ನು ಶಾಶ್ವತವಾಗಿ ಬಿಡತಕ್ಕದ್ದು.’ ತಾಯಿ, ಮಗ ಇಬ್ಬರೂ ಸಹಿ ಹಾಕಿದರು. ಪತಿ ಕಾಶೀರಾಮರು ಸಾಕ್ಷಿಯಾಗಿ ಸಹಿ ಮಾಡಿದರು. (ಓದಿ ಮಾಡಲಿಲ್ಲ. ಮದುವೆಯಾಗಿ ಮೂವತ್ತೆಂಟು ವರ್ಷವಾದ ಮೇಲೆ ಹೆಂಡತಿ ಬರೆದ ಕಾಗದವನ್ನು ಓದಿ ಸಹಿ ಮಾಡುವ ಗಂಡಸು ಆ ಓಣಿಯಲ್ಲಿ ಯಾರೂ ಇಲ್ಲ.)

ಇನ್ನು ಆರು ತಿಂಗಳ ತಾಲೀಮು. ಅದಕ್ಕೊಂದು ಗಡಿಯಾರ ಬೇಕು. ಹಿಂದೊಮ್ಮೆ ಮಗ ತಂದುಕೊಟ್ಟಿದ್ದ ಸ್ಮಾರ್ಟ್ ವಾಚು ಮನೆಯಲ್ಲಿತ್ತು. ಕೌಸಲ್ಯಾಬಾಯಿಯವರು ಅದನ್ನು ಕಟ್ಟಿದ್ದು ಒಂದೇ ದಿನ. ಅವತ್ತು ಹನ್ನೆರಡು ಜೋಳದ ರೊಟ್ಟಿ ಬಡಿದು ಕೈ ತೊಳೆಯುವಷ್ಟರಲ್ಲಿ ಅದು ಝುಂಯ್ ಎಂದು ನಡುಗಿ, ಎರಡು ಸಾವಿರ ಹೆಜ್ಜೆ ನಡೆದಿದ್ದೀರಿ, ಭೇಷ್ ಎಂದು ಬೆಳಗಿತು. ಕೂತಲ್ಲಿಯೇ ಕೂತವರಿಗೆ ಪಾಸ್ ಮಾರ್ಕು ಕೊಡುವ ಯಂತ್ರ! ಅದನ್ನು ಬಿಚ್ಚಿ ಸೊಸೆಯ ಕೈಗಿಟ್ಟು, "ಇದಕ್ಕ ಲಂಚ ತಿಂದು ಗೊತ್ತದ" ಎಂದಿದ್ದರು.

ಆದ್ದರಿಂದ ಕಾಲಮಾಪನದ ಘನ ಜವಾಬ್ದಾರಿ ಕಾಶೀರಾಮರ ಮೇಲೆ ಬಿತ್ತು. ಅವರು ಮೂವತ್ತೊಂದು ವರ್ಷ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿದ್ದವರು. ಬಸ್ಸು ಬಂದದ್ದು, ಹೋದದ್ದು, ನಿಂತದ್ದು ಎಲ್ಲವನ್ನೂ ರಜಿಸ್ಟರಿನಲ್ಲಿ ಬರೆದು ಬರೆದು ನಿಮಿಷವೆಂಬುದು ಅವರ ರಕ್ತದಲ್ಲಿ ಇಳಿದಿತ್ತು. ನಿವೃತ್ತಿಯಾದ ಮೇಲೂ ಒಂದು ಉದ್ದನೆಯ ರಜಿಸ್ಟರು, ಎರಡು ಬಣ್ಣದ ಪೆನ್ನು ಬಗಲಿನ ಚೀಲದಲ್ಲಿ ಇದ್ದೇ ಇರುತ್ತಿದ್ದವು. ಗಂಡನ ಬುದ್ಧಿಯ ಬಗ್ಗೆ ಕೌಸಲ್ಯಾಬಾಯಿಯವರಿಗೆ ಆಗೀಗ ಸಂಶಯ ಬಂದಿದ್ದುಂಟು; ಪ್ರಾಮಾಣಿಕತೆಯ ಬಗ್ಗೆ ಎಂದೂ ಬಂದಿರಲಿಲ್ಲ.

ದಿನಾ ಐದಕ್ಕೆ ಮೆರವಣಿಗೆ ಹೊರಡುತ್ತಿತ್ತು. ಮುಂದೆ ಕೌಸಲ್ಯಾಬಾಯಿ, ಹಿಂದೆ ಮೊಪೆಡ್ಡಿನ ಮೇಲೆ ಕಾಶೀರಾಮರು. ಸಂತಪುರದ ದಾರಿಯಲ್ಲಿ ಹತ್ತೂವರೆ ಕಿಲೋಮೀಟರ್ ಹೋಗಿ, ಹತ್ತೂವರೆ ತಿರುಗಿ ಬರುವುದು. ಎಲ್ಲಿಯೂ ನಿಲ್ಲಬಾರದು ಎಂಬುದು ನಿಯಮ. ಆ ನಿಯಮವನ್ನು ತಾವು ಅಕ್ಷರಶಃ ಪಾಲಿಸುತ್ತಿದ್ದೇವೆಂದು ಕೌಸಲ್ಯಾಬಾಯಿಯವರು ನಂಬಿದ್ದರು. ದಾರಿಯಲ್ಲಿ ಹಳೆಯ ವಿದ್ಯಾರ್ಥಿಗಳು ಸಿಗುತ್ತಿದ್ದರು, ಅದು ಬೇರೆ ಮಾತು. ಅವರಿಗೆ ಒಂದೆರಡು ಮಾತು ಹೇಳುವುದು ನಿಲ್ಲುವುದಲ್ಲ, ಕರ್ತವ್ಯ.

ಒಂದು ಮುಂಜಾನೆ ಒಂದೇ ಬೈಕಿನ ಮೇಲೆ ಮೂವರು ಬಂದರು. ನಡೆಸುತ್ತಿದ್ದವನು ಪಕ್ಕಕ್ಕೆ ನಿಲ್ಲಿಸಿ, "ಎಲ್ಲಿತನ ಹೊಂಟೀರಿ ಮೇಡಂ? ಬರ್ರಿ, ಬಿಡ್ತೇನಿ" ಎಂದ.

"ನೀ ಅಖೀಲ ಅಲ್ಲೇನೊ? ಮೂರು ಮಂದಿ ಮೊದಲೇ ಅದೀರಿ, ನನ್ನ ಎಲ್ಲಿ ಕೂಡಿಸ್ತಿ, ತಲೀ ಮ್ಯಾಲ? ಇಳೀರಿ ಕೆಳಗ. ಹೆಲ್ಮೆಟ್ ಎಲ್ಲಿ?"

ಹೆಲ್ಮೆಟ್ಟಿನಿಂದ ಲೈಸೆನ್ಸಿಗೆ, ಲೈಸೆನ್ಸಿನಿಂದ ಅಖೀಲನ ಅರ್ಧಕ್ಕೆ ಬಿಟ್ಟ ಡಿಗ್ರಿಗೆ, ಅಲ್ಲಿಂದ ಅವನ ತಂಗಿ ಖುಷ್ಬೂಳ ಕಾಲೇಜಿನ ಅಡ್ಮಿಷನ್ನಿಗೆ ಮಾತು ಹೋಯಿತು. ಕಾಶೀರಾಮರು ಮೊಪೆಡ್ಡನ್ನು ಬೇವಿನ ಮರಕ್ಕೆ ಒರಗಿಸಿ, ಕೈಗಡಿಯಾರ ನೋಡಿ, ಕೆಂಪು ಪೆನ್ನಿನಲ್ಲಿ ಏನೋ ಬರೆದುಕೊಂಡರು. ಕೌಸಲ್ಯಾಬಾಯಿ ಮತ್ತೆ ಓಟ ಕಿತ್ತಾಗ ಅವರ ಉಸಿರು ತಿಳಿಯಾಗಿತ್ತು, ಕಾಲು ಹಗುರಾಗಿತ್ತು. ಅದು ತಾಲೀಮಿನ ಫಲ ಎಂದುಕೊಂಡರು.

ಮನೆಗೆ ಬಂದು ನೀರು ಕುಡಿಯುತ್ತ, "ರೀ, ಎಷ್ಟಾತು?" ಎಂದು ಕೇಳುವುದು, ಕಾಶೀರಾಮರು ರಜಿಸ್ಟರಿನಲ್ಲಿ ಲೆಕ್ಕ ಮಾಡಿ, "ರನ್ನಿಂಗ್ ಟೈಮ ಎರಡು ತಾಸು ನಲವತ್ತು" ಎನ್ನುವುದು. ಮುಂದಿನ ತಿಂಗಳು ಮೂವತ್ತಾರು. ಆಮೇಲೆ ಮೂವತ್ಮೂರು. ಸುದ್ದಿ ಹಬ್ಬಿ ದಾರಿಯಲ್ಲಿ ಮಾತಿಗೆ ಸಿಗುವವರು ಹೆಚ್ಚಿದಂತೆಲ್ಲ ಸಮಯ ಇಳಿಯುತ್ತಲೇ ಹೋಯಿತು. ಕೊನೆಯ ವಾರ ಎರಡು ತಾಸು ಇಪ್ಪತ್ತೆಂಟು!

ಪ್ರಣಾಲಿ ಒಮ್ಮೆ ಸಂಶಯ ಎತ್ತಿದಳು. "ಅತ್ತಿ, ಐದಕ್ಕ ಹೋದೋರು ಎಂಟಕ್ಕ ಬಂದೀರಲ್ರಿ. ಇಪ್ಪತ್ತೆಂಟು ಹ್ಯಾಂಗಾತದ?"

"ಊರ ದಾಟೂದು, ಬೂಟು ಬಿಗಿಯೂದು, ನೀರು ಕುಡ್ಯೂದು ಎಲ್ಲಾ ಓಟದಾಗ ಹಿಡೀತಾರೇನು? ಓಡಿದ್ದಷ್ಟೇ ಹಿಡೀಬೇಕು" ಎಂದು ಕೌಸಲ್ಯಾಬಾಯಿ ಅವಳ ಬಾಯಿ ಮುಚ್ಚಿಸಿದರು. ಕಾಶೀರಾಮರು ಮೆಚ್ಚುಗೆಯಿಂದ ತಲೆಯಾಡಿಸಿದರು. ತಮ್ಮ ಸಿದ್ಧಾಂತವನ್ನು ಇಷ್ಟು ಚೆನ್ನಾಗಿ ತಿಳಿದುಕೊಂಡವರು ಇಲಾಖೆಯಲ್ಲೂ ಇರಲಿಲ್ಲ ಎಂದು ಅವರ ಮುಖ ಹೇಳುತ್ತಿತ್ತು.

ಓಟದ ಭಾನುವಾರ ಬೀದರಿನಲ್ಲಿ ಬೆಳಗಿನ ಆರಕ್ಕೆ ಸರಿಯಾಗಿ ಕೋಟೆಯ ಮುಂದಿನಿಂದ ಐನೂರು ಜನ ಹೊರಟರು. ಚೌಬಾರಾ ದಾಟಿ, ಊರು ಸುತ್ತಿ, ಅಷ್ಟೂರಿನ ಗುಮ್ಮಟಗಳ ತನಕ ಹೋಗಿ ಮತ್ತೆ ಕೋಟೆಗೆ ಬರಬೇಕು. ಬೂಟಿಗೆ ಕಟ್ಟಿದ ಎಲೆಕ್ಟ್ರಾನಿಕ್ ಚಿಪ್ ಕೊನೆಯಲ್ಲಿ ಹಾಸಿದ ರಬ್ಬರ್ ಚಾಪೆಯನ್ನು ದಾಟಿದ ಕ್ಷಣವೇ ಸಮಯ ದಾಖಲಾಗುತ್ತದೆ. ದಾರಿಗೆ ಮೊಪೆಡ್ ಬಿಡುವುದಿಲ್ಲವೆಂದು ಕಾಶೀರಾಮರು ಗೆಳೆಯ ಮಹಮ್ಮದ ಇಸ್ಮಾಯಿಲರ ಸೈಕಲ್ ಇಸಿದುಕೊಂಡು ಅಂಚಿನಲ್ಲೇ ಬಂದರು.

ಕೌಸಲ್ಯಾಬಾಯಿ ಅವತ್ತು ಬಾಣದಂತೆ ಓಡಿದರು. ಚೌಬಾರಾದಲ್ಲಿ ಟ್ರಾಫಿಕ್ ತಡೆದು ನಿಂತಿದ್ದ ಪೊಲೀಸ್ ಕೈಲಾಶ ಹಳೆಯ ವಿದ್ಯಾರ್ಥಿ. ಅವನಿಗೆ ಒಂದು ಮಾತು ಹೇಳಿದರು. ನೀರಿನ ಮೇಜಿನ ಹತ್ತಿರ ಓಟಗಾರರು ಕಪ್ಪುಗಳನ್ನು ಎಲ್ಲೆಂದರಲ್ಲಿ ಎಸೆದಿದ್ದರು. ಅದಕ್ಕೊಂದು ವ್ಯವಸ್ಥೆ ಮಾಡಿದರು. ಅಷ್ಟೇ. ಮತ್ತೆ ಓಟವೇ ಓಟ. ಹದಿನೆಂಟನೆಯ ಕಿಲೋಮೀಟರಿನಲ್ಲಿ ಸೈಕಲ್ಲಿನಿಂದ ಕಾಶೀರಾಮರು ಕೂಗಿದರು: "ಬರೋಬ್ಬರಿ ಹೊಂಟದ, ಕೌಸಲ್ಯಾ! ಎರಡು ಇಪ್ಪತ್ತೆಂಟಕ್ಕ ಮುಟ್ತಿ!"

ಕೋಟೆ ಕಂಡಿತು. ಕಮಾನು ಕಂಡಿತು. ಕಮಾನಿನ ಮೇಲೆ ಕೆಂಪು ಅಂಕಿಗಳ ದೊಡ್ಡ ಗಡಿಯಾರವೂ ಕಂಡಿತು. ಅದರಲ್ಲಿ ಎರಡು ತಾಸು ನಲವತ್ತೊಂದು ನಿಮಿಷ ಹನ್ನೆರಡು ಸೆಕೆಂಡು ಎಂದಿತ್ತು.

ಕೌಸಲ್ಯಾಬಾಯಿ ಚಾಪೆಗೆ ಐದು ಹೆಜ್ಜೆ ಉಳಿದಿರುವಾಗ ನಿಂತುಬಿಟ್ಟರು.

"ಯಾರ್ರೀ ಇಲ್ಲಿ ಗಡಿಯಾರದೋರು?"

ಸಮಯ ಹಿಡಿಯುವ ಕಂಪನಿಯ ಒವೈಸ ಲ್ಯಾಪ್‌ಟಾಪು ಬಿಟ್ಟು ಓಡಿಬಂದ. "ಮೇಡಂ, ದಾಟ್ರಿ, ದಾಟ್ರಿ! ಪೈಲೆ ಚಾಪಿ ಮ್ಯಾಲ ಬರ್ರಿ!"

"ಪೈಲೆ ನೀ ಗಡಿಯಾರ ಸರಿ ಮಾಡು. ಹದಿಮೂರು ಮಿನಿಟು ಮುಂದ ಅದ."

"ಅದು ಸ್ಯಾಟಲೈಟಿಂದ ಬರ್ತದ್ರಿ, ಮೇಡಂ."

"ಹಂಗಾದ್ರ ಸ್ಯಾಟಲೈಟಿಗೆ ಹೇಳು. ತಪ್ಪು ಗಡಿಯಾರದ ಕೆಳಗ ನಾ ದಾಟಂಗಿಲ್ಲ."

ಕಟಕಟೆಯ ಆಚೆ ನಿಂತಿದ್ದ ಅಶ್ವಜಿತ ಗಡಿಯಾರ ನೋಡಿದ. ನಲವತ್ತೆರಡು. ತಾಯಿ ಓಟ ಬಿಡಲಿ ಎಂದು ಆರು ತಿಂಗಳು ಕಾದವನು ಈಗ ಎರಡೂ ಕೈ ಎತ್ತಿ ಅರಚಿದ: "ಆಯಿ, ದಾಟ! ಇನ್ನ ಒಂದು ಮಿನಿಟದ! ಐದೇ ಹೆಜ್ಜಿ!"

"ಸುಮ್ಮ ನಿಂದ್ರು, ಮಾತಾಡ್ಲತ್ತೇನಿ."

"ಅತ್ತಿ, ದಾಟಿ ಜಗಳ ಆಡ್ರಿ!" ಎಂದಳು ಪ್ರಣಾಲಿ. ಇಡೀ ಮಂದಿ "ದಾಟ್ರಿ, ದಾಟ್ರಿ" ಎಂದು ಕೂಗಿತು. ಜನ ಕೂಗಿದರೆಂದು ತಪ್ಪು ಉತ್ತರವನ್ನು ಸರಿ ಎಂದವರಲ್ಲ ಕೌಸಲ್ಯಾಬಾಯಿ. ಸೈಕಲ್ ನಿಲ್ಲಿಸುತ್ತಿದ್ದ ಗಂಡನನ್ನು ಕರೆದರು. "ರೀ, ಬರ್ರಿ ಇಲ್ಲಿ. ರಜಿಸ್ಟರ್ ತೆಗೀರಿ. ಜೋರ್ಲೆ ಓದ್ರಿ, ಎಲ್ಲಾರಿಗೂ ಕೇಳ್ಲಿ."

ವೇದಿಕೆಯ ನಿರೂಪಕನಿಗೆ ಇದಕ್ಕಿಂತ ಒಳ್ಳೆಯ ಕಾರ್ಯಕ್ರಮ ಬೇಕಿರಲಿಲ್ಲ; ಮೈಕನ್ನು ಕಾಶೀರಾಮರ ಬಾಯಿಗೆ ಹಿಡಿದ. ಅವರು ಗಂಟಲು ಸರಿಪಡಿಸಿಕೊಂಡು, ಬಸ್ ಸ್ಟ್ಯಾಂಡಿನ ಘೋಷಣೆಯ ಧಾಟಿಯಲ್ಲಿ ಓದಿದರು.

"ಹೊರಟದ್ದು ಆರು ಗಂಟೆ. ಕೋಟೆ ಮುಟ್ಟಿದ್ದು ಎಂಟು ನಲವತ್ತೊಂದು. ಒಟ್ಟು ಎರಡು ತಾಸು ನಲವತ್ತೊಂದು ನಿಮಿಷ. ಕಳೆಯುವುದು, ನಿಲುಗಡೆ..."

"ಏನು ಕಳೀತೀರಿ?"

"ನಿಲುಗಡಿ. ಕೇಳು: ಚೌಬಾರಾ, ಪೊಲೀಸ್ ಕೈಲಾಶ, ಹದಿನೇಳರ ಮಗ್ಗಿ ಒಪ್ಪಿಸಿಕೊಂಡದ್ದು, ನಾಲ್ಕು ನಿಮಿಷ."

ಮಂದಿ ಗೊಳ್ಳೆಂದಿತು. ದೂರದಲ್ಲಿ ಯಾವನೋ ಸೀಟಿ ಹೊಡೆದ.

"ನೀರಿನ ಮೇಜು, ಓಟಗಾರರಿಂದ ಕಪ್ಪು ಹೆಕ್ಕಿಸಿದ್ದು, ನಾಲ್ಕು ನಿಮಿಷ. ಅಷ್ಟೂರ ರಸ್ತೆ, ನಜಮೋದ್ದೀನ ಎಂಬ ಓಟಗಾರನ ಕಿವಿಯಿಂದ ಇಯರ್‌ಫೋನ್ ತೆಗೆಸಿ ಮದುವೆ ಯಾವಾಗ ಎಂದು ವಿಚಾರಿಸಿದ್ದು, ಎರಡು ನಿಮಿಷ. ಗುಮ್ಮಟಗಳ ಹತ್ತಿರ, ಗೋಡೆಯ ಮೇಲೆ ಹೆಸರು ಗೀಚುತ್ತಿದ್ದವರಿಗೆ ಇತಿಹಾಸ ಪಾಠ, ಮೂರು ನಿಮಿಷ. ಒಟ್ಟು ನಿಲುಗಡೆ ಹದಿಮೂರು. ರನ್ನಿಂಗ್ ಟೈಮ್ ಎರಡು ತಾಸು ಇಪ್ಪತ್ತೆಂಟು."

ಕಾಶೀರಾಮರು ರಜಿಸ್ಟರು ಮುಚ್ಚಿ ಹೆಮ್ಮೆಯಿಂದ ಹೆಂಡತಿಯನ್ನು ನೋಡಿದರು.

"ಆರು ತಿಂಗಳು... ಹಿಂಗೇ ಕಳದೀರೇನು?" ಎಂದರು ಕೌಸಲ್ಯಾಬಾಯಿ. ಧ್ವನಿ ಸಣ್ಣದಾಗಿತ್ತು.

"ಮತ್ತ? ರನ್ನಿಂಗ್ ಟೈಮ ಅಂದ್ರ ಓಡಿದ ಟೈಮ. ಮಗ್ಗಿ ಒಪ್ಪಿಸಿಕೊಳ್ಳೂವಾಗ ನೀ ಓಡ್ಲತ್ತಿದ್ದೇನು? ಓಡಿದ್ದಷ್ಟೇ ಹಿಡೀಬೇಕು ಅಂತ ನೀನೇ ಅಂದಿದ್ದಿ."

ಗಣಿತದ ಶಿಕ್ಷಕಿಗೆ ಆ ಲೆಕ್ಕದಲ್ಲಿ ತಪ್ಪು ಹುಡುಕಲು ಆಗಲಿಲ್ಲ. ಕೂಡಿದ್ದು ಸರಿ ಇತ್ತು, ಕಳೆದದ್ದು ಸರಿ ಇತ್ತು. ಮೂವತ್ನಾಲ್ಕು ವರ್ಷ ಮಕ್ಕಳಿಗೆ ಪ್ರಶ್ನೆಯನ್ನು ಎರಡು ಸಲ ಓದಿ ಎಂದು ಹೇಳಿಕೊಟ್ಟವರು, ಉತ್ತರ ಇಷ್ಟವಾಯಿತೆಂದು ಪ್ರಶ್ನೆಯನ್ನೇ ಓದಿರಲಿಲ್ಲ. ಒಂದೊಂದು ಬೇವಿನ ಮರವೂ, ಒಬ್ಬೊಬ್ಬ ಅಖೀಲನೂ ಅವರ ಕಣ್ಣ ಮುಂದೆ ಕೆಂಪು ಪೆನ್ನಿನಲ್ಲಿ ಹಾದುಹೋದರು. ತಲೆ ಎತ್ತಿ ಗಡಿಯಾರ ನೋಡಿದರು. ಎರಡು ತಾಸು ನಲವತ್ತೊಂಬತ್ತು. ಹಿಂದಿನ ವರ್ಷದ ನಲವತ್ಮೂರು ಬಂದು, ಮುಗಿದು, ಆರು ನಿಮಿಷವಾಗಿತ್ತು.

ಆ ಐದು ಹೆಜ್ಜೆಯನ್ನು ಅವರು ಓಡಲಿಲ್ಲ. ನಡೆದು ದಾಟಿದರು.

ಒವೈಸ ಪ್ರಮಾಣಪತ್ರ ಕೈಗಿತ್ತು, "ಬಂದ ಕೂಡಲೇ ದಾಟಿದ್ರ ನಿಮ್ಮ ಜಿಂದಗಿದಾಗಿನ ಬೆಸ್ಟ್ ಟೈಮ್ ಆಗ್ತಿತ್ರಿ ಮೇಡಂ. ಸುಮಾರು ಎರಡು ಮಿನಿಟು ಕಡಿಮಿ" ಎಂದ, ಅದು ಅವರಿಗೆ ಹೊಳೆದಿಲ್ಲವೇನೋ ಎಂಬಂತೆ.

ಅಶ್ವಜಿತ ಹತ್ತಿರ ಬಂದು ಮೆಲ್ಲಗೆ ಹೇಳಿದ. "ಆಯಿ, ಓಡಿ ಬಂದಿದ್ದಂತೂ ಖರೇ ಅದ. ಮನಿಗೆ ಹೋಗಿ ಆ ಕಾಗದ ಹರದು ಒಗೀತೇನಿ."

"ಮುಟ್ಟಿ ನೋಡು ಕಾಗದ! ಒಂದೊಂದು ಮಾರ್ಕಿಗೆ ಎಷ್ಟು ಮಂದಿಗೆ ಫೇಲ್ ಮಾಡೀನಿ ಗೊತ್ತದೇನು? ನನಗೇನು ಬ್ಯಾರೆ ಕಾಯ್ದೆ ಅದ?" ಕೌಸಲ್ಯಾಬಾಯಿ ಕಟ್ಟೆಯ ಮೇಲೆ ಕೂತು ಎರಡೂ ಬೂಟು ಬಿಚ್ಚಿ ಮಗನ ಕೈಗೆ ಕೊಟ್ಟರು.

ಅತ್ತ ಕಾಶೀರಾಮರು ಮತ್ತೆ ರಜಿಸ್ಟರು ತೆರೆದಿದ್ದರು. "ಒಂದು ನಿಲುಗಡಿ ಬರಿಯೂದು ಉಳದದ. ಕೋಟೆ ಮುಂದ, ಎಂಟು ಮಿನಿಟು. ಕಾರಣ ಏನಂತ ಬರೀಲಿ?"

"ಖರೇ ಇದ್ದದ್ದೇ ಬರೀರಿ."

‘ಗಡಿಯಾರಕ್ಕೆ ಬುದ್ಧಿ ಹೇಳಿದ್ದು’ ಎಂದು ಅವರು ಬರೆದರು. ಕೌಸಲ್ಯಾಬಾಯಿ ಪೆನ್ನು ಇಸಿದುಕೊಂಡು, ಓದಿ, ಕೆಳಗೆ ಸಹಿ ಮಾಡಿದರು. ಪೆನ್ನು ವಾಪಸು ಕೊಡುವಾಗ ಅವರ ದೃಷ್ಟಿ ಗಂಡನ ಪಾದಗಳ ಮೇಲೆ ಬಿತ್ತು. ಬಹಳ ಹೊತ್ತು ಅಲ್ಲಿಯೇ ನಿಂತಿತು.

"ರೀ, ನಿಮ್ಮ ಚಪ್ಪಲಿ ಎಷ್ಟನೇ ನಂಬರ್?"

"ಎಂಟು. ಯಾಕ?"

"ಕಾಗದದಾಗ ಓಡಬಾರದು ಅಂತ ನನ್ನ ಹೆಸರೊಂದೇ ಅದ. ನಾಳಿಂದ ಐದಕ್ಕ ಏಳ್ರಿ. ಮೊಪೆಡ್ ನಾ ಹೊಡೀತೇನಿ, ರಜಿಸ್ಟರ್ ನಾ ಹಿಡೀತೇನಿ. ನಿಲುಗಡಿ ಕಳ್ಯಂಗಿಲ್ಲ."

ಹೆಂಡತಿ ನಗುತ್ತಾರೇನೋ ಎಂದು ಕಾಶೀರಾಮರು ಮುಖ ನೋಡಿದರು. ಆ ಮುಖದಲ್ಲಿ ನಗುವಿನ ಯಾವ ಸೂಚನೆಯೂ ಇರಲಿಲ್ಲ. ಸೈಕಲ್ಲಿನ ಕಡೆಗೆ ತಿರುಗಿದರು. ಪ್ರಣಾಲಿ ಅದನ್ನು ಆಗಲೇ ತಳ್ಳಿಕೊಂಡು ಹೊರಟುಬಿಟ್ಟಿದ್ದಳು.